ಅರ್ಧ ಗಂಟೆ ಅಲುಗಾಡಬಾರದು

“ಹಲ್ಲು ಬಿಡೇ ಮುಂಡೇದೇ! ನಗಕ್ಕೂ ಬೇರೆ ಸಂಬಳ ಕೊಡ್ಬೇಕಾ ನಿಂಗೆ?”

ಪ್ರಿಯಾಂಕ ಹಲ್ಲು ಬಿಟ್ಟಳು. ಅವಳ ಎಡಗೈಯಲ್ಲಿ ಲಕ್ವ ಹೊಡೆದ ಮುದುಕರೊಬ್ಬರ ಸೊಂಟ, ಬಲಗೈಯಲ್ಲಿ ಒದ್ದೆ ಬಟ್ಟೆ ಇತ್ತು. ಹಾಸಿಗೆಯ ಈಚೆ ಬದಿಯಲ್ಲಿ ನಾನು ಹೊಲಸಾದ ಬೆಡ್‌ಶೀಟು ಎಳೆಯುತ್ತಿದ್ದೆ. ಬಾಗಿಲಲ್ಲಿ ನಿಂತು ಕೂಗುತ್ತಿದ್ದವರು ಆಸ್ಪತ್ರೆಯ ಮಾಲೀಕ ಕೆಂಪರಾಜು. ನರ್ಸ್ ನಗಲಿಲ್ಲವೆಂದು ಯಾರೋ ದೂರು ಕೊಟ್ಟಿದ್ದರು.

“ಕೀರ್ತನಾ, ನೀನೂ ಕೇಳಿಸ್ಕೊ. ಇದೇನ್ ಸಾವಿನ ಮನೇನಾ, ಮೂತಿ ಹಂಗ್ ಇಟ್ಕೊಳಕ್ಕೆ?”

ಆ ಬೆಳಿಗ್ಗೆ ಪಕ್ಕದ ವಾರ್ಡಿನಲ್ಲಿ ಒಬ್ಬರು ತೀರಿಕೊಂಡಿದ್ದರು. ನಾನೂ ಹಲ್ಲು ಬಿಟ್ಟೆ. ಮುದುಕರು ನಮ್ಮಿಬ್ಬರ ಮುಖ ನೋಡಿ ಹೆದರಿ ಕಣ್ಣು ಮುಚ್ಚಿಕೊಂಡರು.

ಆವತಿಯ ಹತ್ತಿರ ಈ ಆಸ್ಪತ್ರೆ ಇರುವ ಜಾಗ ಮೊದಲು ಕೆಂಪರಾಜು ಅವರ ತಂದೆ ಅಪ್ಪಯ್ಯಣ್ಣನವರ ದ್ರಾಕ್ಷಿ ತೋಟವಾಗಿತ್ತು. ಹತ್ತಿರದಲ್ಲೇ ಬೆಂಗಳೂರಿನ ವಿಮಾನ ನಿಲ್ದಾಣ ಬಂದ ಮೇಲೆ ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳನ್ನು ಕಿತ್ತು ಕಾಂಕ್ರೀಟಿನ ಕಂಬ ನಿಲ್ಲಿಸಿದರು. ಈಗ ಆಸ್ಪತ್ರೆಗೆ ಅಪ್ಪಯ್ಯಣ್ಣನವರ ಹೆಸರಿದೆ, ಸಭಾಂಗಣದ ಗೋಡೆಯ ಮೇಲೆ ಅವರ ದೊಡ್ಡ ಫೋಟೋ ಇದೆ. ಪ್ರಿಯಾಂಕಳ ತಂದೆ ಕೊಂಡಪ್ಪ ಅದೇ ತೋಟದಲ್ಲಿ ಆಳಾಗಿದ್ದ. ಬಂದ ಅತಿಥಿಗಳಿಗೆಲ್ಲ ಕೆಂಪರಾಜು ಅವಳನ್ನು ತೋರಿಸುವರು: “ನಮ್ ತ್ವಾಟದಾಳಿನ ಮಗಳು. ನಾವೇ ಬಿಳೀ ಬಟ್ಟೆ ಹಾಕ್ಸಿದ್ದು.” ಅತಿಥಿಗಳು ಹೊಸ ಸ್ಕ್ಯಾನಿಂಗ್ ಯಂತ್ರವನ್ನು ನೋಡುವ ಹಾಗೆ ಅವಳನ್ನು ನೋಡಿ ತಲೆಯಾಡಿಸುವರು.

ಕೊಂಡಪ್ಪ ಈಗ ನಡು ಮುರಿದು ಮನೆಯಲ್ಲಿ ಮಲಗಿದ್ದಾನೆ. ದುಡಿಯುವ ಕೈ ಪ್ರಿಯಾಂಕಳದು ಒಂದೇ. ನಮ್ಮೆಲ್ಲರದೂ ಕಾಂಟ್ರಾಕ್ಟ್ ಕೆಲಸ. ಆ ತಿಂಗಳ ಕೊನೆಗೆ ಅದು ಮುಗಿಯುತ್ತಿತ್ತು. ಯಾರನ್ನು ಮತ್ತೆ ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದು ಕೆಂಪರಾಜು ಅವರ ಬಾಯಲ್ಲಿತ್ತು.

ಪ್ರಿಯಾಂಕ ಅಳುತ್ತಿದ್ದರೆ ನಮಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವಳು ಊಟದ ಡಬ್ಬಿ ತೆರೆದು, ನೋಡಿ, ಹಾಗೇ ಮುಚ್ಚುತ್ತಿದ್ದಳು. ಎಚ್ಚರವಾಗಿಯೇ ಕೂತಿದ್ದು, ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಹೋಗುತ್ತಿದ್ದಳು.

ಅಂಥ ದಿನಗಳಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ಡಾಕ್ಟರ್ ಸುನಿಲ್‌ಕುಮಾರ್ ಬಂದರು. ಕೆಲಸದ ಒತ್ತಡದಲ್ಲಿರುವ ನರ್ಸ್‌ಗಳ ರಕ್ತದಲ್ಲಿ ಖಿನ್ನತೆಯ ಗುರುತುಗಳು ಕಾಣುತ್ತವೆಯೇ ಎಂಬುದು ಅವರ ಅಧ್ಯಯನ. ಮೆತ್ತಗೆ ಮಾತಾಡುವ ಮನುಷ್ಯ. ಮಾತಾಡುವಾಗ ನಮ್ಮನ್ನು ಬಿಟ್ಟು ಗೋಡೆ ನೋಡುತ್ತಿದ್ದರು. ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿದರು.

“ಒತ್ತಡ ಬಹಳ ಕಾಲ ಇದ್ರೆ ರಕ್ತದಲ್ಲಿ ಕೆಲವು ಅಂಶ ಏರುತ್ತೆ, ಕೆಲವು ಇಳಿಯುತ್ತೆ. ಆದ್ರೆ ಒಬ್ಬರ ಟ್ಯೂಬ್ ನೋಡಿ ಇವರಿಗೆ ಖಿನ್ನತೆ ಇದೆ ಅಂತ ಹೇಳಕ್ಕಾಗಲ್ಲ. ತುಂಬಾ ಜನರದ್ದು ಒಟ್ಟಿಗೆ ಇಟ್ಟು ನೋಡ್ಬೇಕು.”

ನನ್ನ ಪಕ್ಕದಲ್ಲಿದ್ದ ಮುನಿಲಕ್ಷ್ಮಮ್ಮ, ನಮ್ಮ ಇನ್‌ಚಾರ್ಜ್ ಸಿಸ್ಟರ್, ಕಿವಿಯಲ್ಲಿ ಅಂದರು: “ನಮ್ ರಕ್ತ ಯಾಕಮ್ಮಿ? ಡ್ಯೂಟಿ ಚಾರ್ಟ್ ತಗೊಂಡೋಗಿ ಟೆಸ್ಟ್ ಮಾಡ್ಸು ಅನ್ನು.”

ಅಲ್ಲೇ ನಿಂತಿದ್ದ ಕೆಂಪರಾಜು ಅವರಿಗೆ ಒಂದೇ ಮಾತು ಅರ್ಥವಾಗಿತ್ತು. “ಅಂದ್ರೆ ಯಾವಳ್ ತಲೆ ಕೆಟ್ಟದೆ ಅಂತ ಗೊತ್ತಾಗ್ತದೆ.”

“ಹಾಗಲ್ಲ ಸಾರ್. ಹೆಸರು ಗೋಪ್ಯ. ಟ್ಯೂಬ್ ಮೇಲೆ ಬರೀ ನಂಬರ್.”

“ಯಾವ ನಂಬರ್ ಯಾರ್ದು ಅಂತ ಯಾರ ತಾವ ಇರ್ತದೆ?”

“ನಮ್ಮ ಹತ್ರ.”

“ನನ್ ತಾವಾನೂ ಇರ್ಲಿ. ಕಟ್ಟಡ ನಂದು, ಕರೆಂಟ್ ನಂದು, ಆ ರಕ್ತಕ್ಕೆ ಅನ್ನ ಹಾಕ್ತಿರೋನೂ ನಾನೇ.”

ಡಾಕ್ಟರ್ ಗೋಡೆ ನೋಡಿದರು. ಗೋಡೆಯಿಂದ ಅಪ್ಪಯ್ಯಣ್ಣನವರು ಅವರನ್ನು ನೋಡಿದರು. “ನಿಯಮದ ಪ್ರಕಾರ ಕೊಡೋ ಹಾಗಿಲ್ಲ... ನೋಡೋಣ ಸಾರ್, ಏನಾದ್ರೂ ಹೊಂದಿಸೋಣ” ಅಂದರು. ಬೇರೆ ಯಾವ ಆಸ್ಪತ್ರೆಯೂ ಅವರಿಗೆ ನರ್ಸ್‌ಗಳನ್ನು ಬಿಟ್ಟುಕೊಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು.

ಕೆಂಪರಾಜು ನಮ್ಮ ಕಡೆ ತಿರುಗಿದರು. “ದ್ರಾಕ್ಷಿ ಗೊನೇಲಿ ಒಂದು ಹಣ್ಣು ಬಿರಿದಿದ್ರೆ ಅದನ್ನ ಕತ್ತರೀಲಿ ತೆಗೆದು ಆಮೇಲೆ ಪೆಟ್ಗೆ ತುಂಬ್ಬೇಕು. ನಮ್ಮಪ್ಪ ಕಲಿಸಿದ್ದು. ಈ ಸಲ ಕಾಂಟ್ರಾಕ್ಟೂ ಹಂಗೇ. ಕೊಳೆತಿದ್ದು ಇಟ್ಕೊಂಡ್ರೆ ಪೆಟ್ಗೇನೇ ಹೋಯ್ತದೆ.”

“ಒಪ್ಪಿಗೆ ಇರೋರು ಮಾತ್ರ ಬರ್ಬೇಕು” ಎಂದು ಡಾಕ್ಟರ್ ಮೆಲ್ಲಗೆ ಸೇರಿಸಿದರು.

“ಎಲ್ಲಾರ್ಗೂ ಒಪ್ಗೆ ಅದೆ” ಅಂದರು ಕೆಂಪರಾಜು.

ಸಂಜೆ ಬಸ್ಸಿನಲ್ಲಿ ಪ್ರಿಯಾಂಕ ಕೇಳಿದಳು: “ಅಕ್ಕ, ನನ್ ರಕ್ತದಾಗೆ ಗೊತ್ತಾಗೋಗ್ತದಾ?”

“ಒಬ್ಬರ ಟ್ಯೂಬಲ್ಲಿ ಏನೂ ಹೇಳಕ್ಕಾಗಲ್ಲ ಅಂದ್ರಲ್ಲೇ.”

“ಅದು ಡಾಕ್ಟ್ರಿಗೆ ಗೊತ್ತು. ಈ ಯಪ್ಪಂಗೆ ಗೊತ್ತಿಲ್ವಲ್ಲ.”

ಅವಳ ಸ್ಟಾಪು ಬಂದಾಗ ಭುಜ ತಟ್ಟಿ ಇಳಿಸಿದೆ.

ರಕ್ತ ತೆಗೆಯುವ ದಿನ ಫಿಸಿಯೋಥೆರಪಿ ಕೋಣೆಯಲ್ಲಿ ಚಾಪೆ ಹಾಸಿದ್ದರು. ಡಾಕ್ಟರರ ಕೊರಳಲ್ಲಿ ಟೈಮರ್ ತೂಗುತ್ತಿತ್ತು. ನಿಯಮ ಸರಳ: ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಅರ್ಧ ಗಂಟೆ ಅಲುಗಾಡದೆ, ಮಾತಾಡದೆ ಮಲಗಬೇಕು. ಎದ್ದರೆ, ಯಾರಾದರೂ ಮಾತಾಡಿಸಿದರೆ, ಲೆಕ್ಕ ಮತ್ತೆ ಮೊದಲಿಂದ. ಓಡಿ ಬಂದ ದೇಹದ ರಕ್ತ ಸುಳ್ಳು ಹೇಳುತ್ತದಂತೆ. ನಮ್ಮ ಆಸ್ಪತ್ರೆಯಲ್ಲಿ ಓಡಿ ಬರದ ದೇಹ ಇದ್ದದ್ದು ಫೋಟೋದಲ್ಲಿ ಮಾತ್ರ.

ಮೊದಲ ಸರದಿ ಪ್ರಿಯಾಂಕಳದು. ಅವಳು ಮಲಗಿ ಇನ್ನೂ ಉಸಿರು ತಹಬದಿಗೆ ಬಂದಿರಲಿಲ್ಲ, ಸ್ಪೆಷಲ್ ರೂಮಿನ ಬೆಲ್ ಹೊಡೆಯಿತು. ಅಲ್ಲಿದ್ದವರು ಕೆಂಪರಾಜು ಅವರ ತಾಯಿ ಅಮ್ಮಯಮ್ಮ, ಸೊಂಟದ ಆಪರೇಷನ್ ಆದವರು. ಅವರಿಗೆ ಬೆಡ್‌ಪ್ಯಾನ್ ಇಡುವುದು ಪ್ರಿಯಾಂಕಳೇ ಆಗಬೇಕು. ನೀರು ಕೊಡುವುದು ಮಾತ್ರ ಮುನಿಲಕ್ಷ್ಮಮ್ಮನೇ ಆಗಬೇಕು. ಯಾಕೆಂದು ನಾವು ಕೇಳುತ್ತಿರಲಿಲ್ಲ. ಕೊಂಡಪ್ಪನ ಕೇರಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ಪ್ರಿಯಾಂಕ ಎದ್ದು ಹೋದಳು, ಬಂದು ಮಲಗಿದಳು. ಟೈಮರ್ ಸೊನ್ನೆಯಿಂದ. ಮತ್ತೆ ಬೆಲ್. ಮತ್ತೆ ಸೊನ್ನೆ. ಬಿಸಿಲು ಏರಿತು. ಒಂದು ಹನಿ ರಕ್ತವೂ ಸಿಕ್ಕಿರಲಿಲ್ಲ. ಹೊಟ್ಟೆಗಿಲ್ಲದ ಅವಳು ಮತ್ತೆ ಎದ್ದಾಗ ಗೋಡೆ ಹಿಡಿದುಕೊಂಡಳು, ಕೈ ಜಾರಿತು, ಚಾಪೆಯ ಮೇಲೆ ಕುಸಿದು ಕೂತಳು.

ಅಷ್ಟರಲ್ಲಿ ಕೆಂಪರಾಜು ಬಂದರು.

“ಥೂ! ಇವಳಪ್ಪಾನೂ ಹಿಂಗೇಯ. ಕಂಡ್ಕಂಡಾಗ ಚಪ್ಪರದ್ ಕೆಳಗೆ ಬಿದ್ಕೊಳ್ಳೋನು. ನಮ್ಮಪ್ಪ ಒದ್ದು ಎಬ್ಬಿಸೋರು. ಡಾಕ್ಟ್ರೇ, ಮಲಗ್ಸೋ ನಾಟ್ಕ ಬ್ಯಾಡ. ನಿಂತಂಗೇ ಚುಚ್ಚಿ.”

“ಹಾಗೆ ತೆಗೆದ್ರೆ ಎಲ್ಲರದ್ದೂ ಏರಿರುತ್ತೆ ಸಾರ್.”

“ಏರ್ಲಿ. ಎಲ್ಲಾರ್ನೂ ಕಿತ್ತಾಕ್ತೀನಿ. ನಾಳೆ ಬಸ್ ತುಂಬ ಬತ್ತಾರೆ ನರ್ಸ್‌ಗಳು. ಇವಳಿಂದ್ಲೇ ಶುರು ಮಾಡಿ, ನಂಬರ್ ನಂಗೆ ಹೇಳಿ.”

ಪ್ರಿಯಾಂಕ ತೋಳು ಚಾಚಿದಳು. ನಗಲು ಹೊರಟಳು, ತುಟಿ ಏಳಲಿಲ್ಲ.

ಮುನಿಲಕ್ಷ್ಮಮ್ಮ ಚಪ್ಪಲಿ ಕಳಚಿ ಬಾಗಿಲ ಪಕ್ಕ ಜೋಡಿಸಿಟ್ಟರು. ಸೆರಗು ಸರಿಮಾಡಿಕೊಂಡು ಚಾಪೆಯ ಹತ್ತಿರ ಬಂದರು.

“ಮಲೀಕಳಮ್ಮಿ ನೀನು. ಒಸಿ ಜರುಗು.” ಅವಳ ಪಕ್ಕ ಉದ್ದಕ್ಕೆ ಮಲಗಿದರು.

“ಏಯ್, ನೀನ್ಯಾಕೆ ಮಲಗ್ದೆ?”

“ಎಲ್ಲಾರ್ಗೂ ಒಪ್ಗೆ ಅದೆ ಅಂತ ನೀವೇ ಅಂದ್ರಲ್ಲ ಸಾರ್. ನಂಗೂ ಅದೆ.” ಕಣ್ಣು ಮುಚ್ಚಿದರು.

ನಾನು ಮುನಿಲಕ್ಷ್ಮಮ್ಮನ ಪಕ್ಕ ಮಲಗಿದೆ. ಗಲಾಟೆ ಕೇಳಿ ಜನರಲ್ ವಾರ್ಡಿನ ಧನುಶ್ರೀ ಬಂದಳು, ನೋಡಿದಳು, ಮಲಗಿದಳು. ಅವಳ ಹಿಂದೆ ಹೆರಿಗೆ ವಾರ್ಡಿನವರು. ಚಾಪೆ ಮುಗಿದ ಮೇಲೆ ನೆಲ, ನೆಲ ತುಂಬಿದ ಮೇಲೆ ಕಾರಿಡಾರ್. ಐಸಿಯು, ಹೆರಿಗೆ ಕೋಣೆ, ತುರ್ತು ಕೋಣೆಯಲ್ಲಿದ್ದವರು ಮಾತ್ರ ಬರಲಿಲ್ಲ. ಬರಬೇಡಿ ಎಂದು ನಾವೇ ಹೇಳಿ ಕಳಿಸಿದೆವು. ರೋಗಿಗಳ ಉಸಿರಿನ ಜೊತೆ ನಮಗೆ ಜಗಳವಿರಲಿಲ್ಲ.

“ಎದ್ದೇಳ್ರೇ ಬಡ್ಡೆತ್ತವಾ! ಪೊಲೀಸ್‌ನ ಕರೆಸ್ತೀನಿ!”

ಮುನಿಲಕ್ಷ್ಮಮ್ಮ ಕಣ್ಣು ತೆರೆಯದೆ ಅಂದರು: “ಯಾರೋ ಮಾತಾಡಿಸ್ಬುಟ್ರು ಡಾಕ್ಟ್ರೇ. ಮೊದ್ಲಿಂದ ಲೆಕ್ಕ ಹಚ್ಕಳಿ.”

ಟೈಮರಿನ ಗುಂಡಿ ಒತ್ತಿದ ಸದ್ದಾಯಿತು. “ಹೌದು ಸಾರ್. ನೀವು ಕೂಗಿದ್ರೆ ಸೊನ್ನೆಯಿಂದ ಶುರು ಮಾಡ್ಬೇಕಾಗುತ್ತೆ” ಅಂದರು ಡಾಕ್ಟರ್. ಅವರು ನಮ್ಮ ಪರ ಮಾತಾಡಿದರೋ ಅಧ್ಯಯನದ ಪರವೋ ನನಗೆ ಇಂದಿಗೂ ತಿಳಿಯದು. ಕೆಂಪರಾಜು ಮತ್ತೆ ಕೂಗಿದರು. ಮತ್ತೆ ಗುಂಡಿಯ ಸದ್ದು. ಅವರು ಬೈದಷ್ಟೂ ರಕ್ತ ದೂರವಾಗುತ್ತಿತ್ತು. ರಕ್ತವಿಲ್ಲದೆ ನಂಬರಿಲ್ಲ, ನಂಬರಿಲ್ಲದೆ ಕತ್ತರಿಯಿಲ್ಲ.

ಸ್ಪೆಷಲ್ ರೂಮಿನ ಬೆಲ್ ಹೊಡೆಯಿತು. ನಾವು ಅಲುಗಲಿಲ್ಲ. ಬೆಲ್ ಬಿಟ್ಟು ಅಮ್ಮಯಮ್ಮನ ಗಂಟಲೇ ಬಂತು: “ಎಲ್ ಸತ್ತೋದ್ಳೋ ಆ ಕೊಂಡಪ್ಪನ ಮಗಳು! ತಡ್ಕಳಕ್ಕಾಗ್ತಿಲ್ಲ ಕಣ್ರೋ! ಲೇ ಕೆಂಪ್ರಾಜಾ!”

ಕೆಂಪರಾಜು ಅವರ ಬೂಟಿನ ಸದ್ದು ದೂರ ಹೋಯಿತು, ವಾಪಸ್ ಬಂತು. ನಾನು ರೆಪ್ಪೆಯ ಸಂದಿಯಿಂದ ನೋಡಿದೆ. ಕೈಯನ್ನು ಆದಷ್ಟು ದೂರ ಚಾಚಿ, ಎರಡು ಬೆರಳಲ್ಲಿ ಬೆಡ್‌ಪ್ಯಾನ್ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದರು. ತಲೆಕೆಳಗಾಗಿ ಹಿಡಿದಿದ್ದರು.

“ಇದ್ನ ಯಾವ್ ಕಡೆಯಿಂದ ಇಡೋದ್ರೇ?” ದನಿ ಸಣ್ಣಗಾಗಿತ್ತು. “ಪ್ರಿಯಾಂಕ... ಏಯ್ ಪ್ರಿಯಾಂಕಮ್ಮ...”

ಟೈಮರ್ ಸೊನ್ನೆಗೆ ಹೋಯಿತು.

ಪ್ರಿಯಾಂಕ ಕೇಳಿಸಿಕೊಳ್ಳಲಿಲ್ಲ. ಮುನಿಲಕ್ಷ್ಮಮ್ಮನ ತೋಳಿನ ಮೇಲೆ ತಲೆ ವಾಲಿಸಿ ನಿಜವಾಗಿಯೂ ನಿದ್ದೆ ಹೋಗಿದ್ದಳು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಬಾಯಿ ತೆರೆದುಕೊಂಡಿತ್ತು, ಹಲ್ಲೆಲ್ಲ ಕಾಣುತ್ತಿದ್ದವು.