ನಾಲ್ಕು ಗಂಟೆಯವಳ ಹಳದಿ ಹಾಳೆ

ಊಟದ ಡಬ್ಬಿಯ ಮುಚ್ಚಳ ಒರೆಸುತ್ತಾ ಕೌಂಟರಿನಕ್ಕ ಆ ಮಾತನ್ನು ಹೇಳಿದರೂ ಆಯಿತು, ಬಿಟ್ಟರೂ ಆಯಿತು ಎನ್ನುವ ದನಿಯಲ್ಲಿ ಹೇಳಿದಳು.

"ಹಾಂ, ಮರೆತೇಬಿಟ್ಟಿದ್ದೆ ಮೇಡಂ. ಗುರುವಾರ ನಾಲ್ಕು ಗಂಟೆಯವಳ ಗಂಡ ಬಂದಿದ್ರು, ಇವತ್ತು ಹನ್ನೊಂದರ ಹೊತ್ತಿಗೆ. ಫೈಲಿನ ಕಾಪಿ ಕೇಳಿದ್ರು. ಕೊಟ್ಟು ಕಳಿಸಿದೆ."

ಸಮಾಲೋಚಕಿಯ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಅಂದು ಗುರುವಾರ. ಗಡಿಯಾರದಲ್ಲಿ ಒಂದೂಮುಕ್ಕಾಲು.

ಆ ಕ್ಲಿನಿಕ್ಕಿನಲ್ಲಿ ಯಾರ ಹೆಸರನ್ನೂ ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕನ್ನಡಕದಂಗಡಿಯ ಮೇಲಿನ ಮಹಡಿ. ಕಾಯುವ ಕೋಣೆಗೂ ಒಳಕೋಣೆಗೂ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಹಾಗಾಗಿ ಬರುವವರನ್ನೆಲ್ಲ ದಿನದಿಂದ, ಗಂಟೆಯಿಂದ ಗುರುತಿಸುವುದು: ಸೋಮವಾರ ಹತ್ತರವರು, ಬುಧವಾರ ಎರಡೂವರೆಯ ಹುಡುಗಿ. ಈ ನಿಯಮ ಮಾಡಿದವಳು ಸಮಾಲೋಚಕಿಯೇ. "ನಿನ್ನ ಹೊಟ್ಟೆ ಒಂದು ಹಾಳು ಬಾವಿ ಕಣೇ, ಏನು ಹಾಕಿದ್ರೂ ಸದ್ದೇ ಬರಲ್ಲ" ಎಂದು ಮನೆಯಲ್ಲಿ ಅವಳ ತಾಯಿ ರೇಗಿಸುತ್ತಿದ್ದಳು. ಒಳಗೊಳಗೇ ಅವಳಿಗೆ ಅದೊಂದು ಹೆಮ್ಮೆ.

"ಯಾವ ಆಧಾರದ ಮೇಲೆ ಕೊಟ್ಟಿರಿ ಅಕ್ಕಾ?"

"ಒಪ್ಪಿಗೆ ಪತ್ರ ಇತ್ತಲ್ಲ! ಸಹಿ ಇದ್ರೆ ಕೊಡಿ, ಇಲ್ದಿದ್ರೆ ದೇವರೇ ಬಂದ್ರೂ ಕೊಡಬೇಡಿ ಅಂತ ನೀವೇ ಹೇಳಿದ್ದು. ನೋಡಿದೆ, ಸಹಿ ಇತ್ತು. ಎಂಥ ವಿನಯದ ಮನುಷ್ಯ ಅಂತೀರಿ! ಎರಡೆರಡು ಸಲ ಥ್ಯಾಂಕ್ಸ್ ಹೇಳಿದ್ರು."

ಸಹಿ ಇದ್ದದ್ದು ನಿಜ. ಎರಡು ವರ್ಷದ ಹಿಂದೆ, ನಿದ್ದೆ ಬರುವುದಿಲ್ಲವೆಂದು ಹೆಂಡತಿಯನ್ನು ಮೊದಲ ಸಲ ಕರೆತಂದವನು ಅವನೇ. ನನ್ನ ಚಿಕಿತ್ಸೆಯ ವಿವರಗಳನ್ನು ಪತಿಗೆ ನೀಡಬಹುದು ಎಂಬ ಸಾಲಿನ ಕೆಳಗೆ ಅವಳು ಸಹಿ ಹಾಕುವಾಗ ಪೆನ್ನಿನ ಕ್ಯಾಪು ತೆಗೆದುಕೊಟ್ಟವನೂ ಅವನೇ. ಆ ನಮೂನೆಯನ್ನು ಸಮಾಲೋಚಕಿ ಕೈಯಾರೆ ತಯಾರಿಸಿದ್ದಳು. ಹೆಸರು, ಸಂಬಂಧ, ಸಹಿ, ದಿನಾಂಕ ಎಲ್ಲಕ್ಕೂ ಜಾಗವಿತ್ತು. ಎಲ್ಲಿಯವರೆಗೆ ಎಂಬುದಕ್ಕೆ ಮಾತ್ರ ಇರಲಿಲ್ಲ. ವರ್ಷ ಕಳೆದು ಆ ಹೆಂಡತಿ ಬಾಯಿಬಿಟ್ಟ ಮೇಲೆ, ನಿದ್ದೆ ಯಾಕೆ ಬರುವುದಿಲ್ಲ ಎಂಬುದು ತಿಳಿದ ಮೇಲೆ, ಆ ಹಳೆಯ ಕಾಗದವನ್ನು ಹುಡುಕಿ ರದ್ದು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆದರೆ ಬಿಳಿ ಹಾಳೆಗಳಷ್ಟೇ ಹೋಗಿದ್ದರೆ ಭಯವಿರಲಿಲ್ಲ. ಬಿಳಿಯ ಮೇಲೆ ಇರುತ್ತಿದ್ದದ್ದು ಬಂದ ದಿನ, ನಿದ್ದೆ ಎಷ್ಟು ಗಂಟೆ, ಮಾತ್ರೆ ಯಾವುದು. ಬೇರೆ ಡಾಕ್ಟರು ಕೇಳಿದರೆ ಕೊಡಬಹುದಾದಷ್ಟು. ಮನಸ್ಸಿನ ಮಾತೆಲ್ಲ ಸಮಾಲೋಚಕಿ ಹಳದಿ ಹಾಳೆಯಲ್ಲಿ ಬರೆದುಕೊಂಡು ಬೇರೆಯೇ ಲಕೋಟೆಗೆ ಹಾಕಿ ಡ್ರಾಯರಿಗೆ ಬೀಗ ಜಡಿಯುತ್ತಿದ್ದಳು. ಹೋದ ಗುರುವಾರ ಐದು ಗಂಟೆಯವರು ಹೊರಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆಮೇಲೆ ತೆಗೆದಿಟ್ಟರಾಯಿತೆಂದು ಹಳದಿಯನ್ನು ಬಿಳಿ ಫೈಲಿನ ಹಿಂದೆ ತುರುಕಿ ಎದ್ದಿದ್ದಳು.

"ಎಷ್ಟು ಹಾಳೆ ಕೊಟ್ಟಿರಿ?"

"ಹದಿನಾಲ್ಕು. ಹಿಂದುಗಡೆ ಇದ್ದ ಹಳದಿದೂ ಸೇರಿ. ಕಾಪಿಯಲ್ಲಿ ಬಣ್ಣ ಬರಲ್ಲ ನೋಡಿ, ಎಲ್ಲ ಬೆಳ್ಳಗೇ ಬಂತು."

ಸಮಾಲೋಚಕಿ ಎದ್ದಳು. ಅಲಮಾರಿಯಿಂದ ಫೈಲು ತೆಗೆದು, ಹಳದಿ ಹಾಳೆಯನ್ನು ಈಗ ಅವನ ಕಣ್ಣಿನಿಂದ ಓದಿದಳು.

'ಮುಂದಿನ ಗುರುವಾರ. ನಾಲ್ಕಕ್ಕೆ ಎಂದಿನಂತೆ ಇಲ್ಲಿಗೆ. ಚೀಲ ನಮ್ಮ ಅಲಮಾರಿಯಲ್ಲೇ ಇರಲಿ. ಹಿಂದಿನ ಮೆಟ್ಟಿಲಿಂದ ಇಳಿದು ಬಸ್ಸಿಗೆ. ಯಾವ ಊರು ಎಂದು ನನಗೆ ಹೇಳಬೇಡಿ ಎಂದಿದ್ದೇನೆ. ಫೋನ್ ಮಾಡಕೂಡದು, ಗಂಡ ನೋಡುತ್ತಾನೆ. ಕೇಳಿದೆ: ಅವನಿಗೆ ಗೊತ್ತಾದರೆ?'

ಅದರ ಮುಂದೆ ಬರೀ ಒಂದು ಗೆರೆ. ಎದುರಿಗಿದ್ದವರು ಮಾತು ನಿಲ್ಲಿಸಿದಾಗ ಪೆನ್ನನ್ನು ಎತ್ತದೆ ಗೆರೆ ಎಳೆಯುತ್ತಾ ಹೋಗುವುದು ಅವಳ ರೂಢಿ. ಈ ಗೆರೆ ಹಾಳೆಯ ಅಂಚು ಮುಟ್ಟಿ, ಕೆಳಗಿನ ಸಾಲಿಗೆ ಇಳಿದು, ಅದರ ಅರ್ಧದವರೆಗೂ ಹೋಗಿತ್ತು. ಅಷ್ಟು ಹೊತ್ತಿನ ಮೇಲೆ ನಾಲ್ಕು ಗಂಟೆಯವಳು ಹೇಳಿದ್ದು ಒಂದೇ ಮಾತು: ಹೋದ ಸಲ ಬಾಗಿಲು ಒಡೆದ ಮೇಡಂ, ಈ ಸಲ ಒಡೆಯೋದು ಬಾಗಿಲನ್ನಲ್ಲ. ಅದನ್ನು ಬರೆದುಕೊಳ್ಳಲು ಸಮಾಲೋಚಕಿಗೆ ಕೈ ಬಂದಿರಲಿಲ್ಲ.

ನಾಲ್ಕು ಗಂಟೆಯವಳು ಕೆಲಸ ಮಾಡುತ್ತಿದ್ದದ್ದು ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ, ಹಾಸಿಗೆಯ ಬಟ್ಟೆಗೆ ಇಸ್ತ್ರಿ ಹಾಕುವುದು. ಅಲ್ಲಿಯ ಮೇಲ್ವಿಚಾರಕಿಗೆ ಫೋನ್ ಮಾಡಿದರೆ, "ಅರ್ಧ ದಿನ ರಜೆ ಹಾಕಿ ಒಂದಕ್ಕೇ ಹೋದ್ಲಲ್ಲಮ್ಮ, ನೀವ್ಯಾರು?" ಎಂದಳು. ಸಮಾಲೋಚಕಿ ಉತ್ತರಿಸದೆ ಫೋನ್ ಇಟ್ಟಳು. ಇನ್ನು ಅವಳು ಊರಿನ ಯಾವ ಬೀದಿಯಲ್ಲಿ ನಾಲ್ಕು ಗಂಟೆಗಾಗಿ ಕಾಯುತ್ತಾ ಅಲೆಯುತ್ತಿದ್ದಾಳೋ ಯಾರಿಗೆ ಗೊತ್ತು. ನಾಲ್ಕಕ್ಕೆ ಸರಿಯಾಗಿ ಈ ಮೆಟ್ಟಿಲು ಹತ್ತುತ್ತಾಳೆ ಎಂಬುದು ಮಾತ್ರ ಖಚಿತ. ಅದು ಗೊತ್ತಿದ್ದವರು ಈಗ ಮೂವರಲ್ಲ, ನಾಲ್ವರು.

ಎಲ್ಲವನ್ನೂ ಕೇಳಿಸಿಕೊಂಡ ಅಕ್ಕ ಕುರ್ಚಿಯಲ್ಲಿ ಕುಸಿದಳು. "ನನ್ನ ಕೈಯಾರೆ ಕೊಟ್ಟೆನಲ್ಲಮ್ಮಾ... ಮೂಲೆಗೆ ಪಿನ್ನು ಹೊಡೆದು ಕೊಟ್ಟೆ."

"ಬರೆದಿದ್ದು ನಾನು. ಅಲ್ಲಿಟ್ಟಿದ್ದೂ ನಾನೇ."

"ಪೊಲೀಸರಿಗೆ ಹೇಳೋಣ್ವಾ?"

"ಹೋದ ಸಲ ಅವಳೇ ಹೇಳಿ ನೋಡಿದಾಳೆ. ಬುದ್ಧಿವಾದ ಹೇಳಿ ಅವನ ಜೊತೇಲೇ ಕಳಿಸಿದ್ರು. ಅವಳ ಮಾತನ್ನ ಅವಳನ್ನ ಕೇಳದೆ ಒಂದು ಸಲ ಕೊಟ್ಟಾಗಿದೆ ಅಕ್ಕಾ. ಇನ್ನೊಂದು ಸಲ ಬೇಡ."

ಉಪಾಯ ಹೊಳೆದದ್ದು ಅಕ್ಕನಿಗೆ. ಕಾಯುವ ಕೋಣೆಯ ಪರದೆಗಳನ್ನು ಸರಸರನೆ ಬಿಚ್ಚಿ, ಅಲಮಾರಿಯಲ್ಲಿದ್ದ ಅವಳ ಪುಟ್ಟ ಕಂದು ಚೀಲವನ್ನು ನಡುವೆ ಇಟ್ಟು ಗಂಟು ಕಟ್ಟಿದಳು. ಒಗೆಯಲು ಕೊಡುವ ಬಟ್ಟೆಯ ಗಂಟನ್ನು ಯಾರು ತಿರುಗಿ ನೋಡುತ್ತಾರೆ? ಕೆಳಗೆ ಕನ್ನಡಕದಂಗಡಿಯಲ್ಲಿ ಕಾದಿದ್ದು, ಅವಳು ಬಂದೊಡನೆ ಮೆಟ್ಟಿಲು ಹತ್ತಗೊಡದೆ ನೇರ ಬಸ್‌ಸ್ಟ್ಯಾಂಡಿಗೆ ಕರೆದೊಯ್ಯುವುದು. ಬಸ್ಸು ನಾಲ್ಕು ನಲವತ್ತಕ್ಕೆ. ಪುಣ್ಯಕ್ಕೆ ಆ ಹೊತ್ತು ಹಾಳೆಯಲ್ಲಿರಲಿಲ್ಲ.

ಎರಡು ಗಂಟೆಯವರು ಮುಗಿಸಿ ಹೋದ ಮೇಲೆ ಗಂಟು ಎತ್ತಿಕೊಂಡು ಅಕ್ಕ ಬಾಗಿಲಿಗೆ ಬರುವಾಗ ಮೂರೂ ಇಪ್ಪತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಅವಸರವಿಲ್ಲದ ಹೆಜ್ಜೆ.

ಅವನು ಬಾಗಿಲಲ್ಲಿ ಬದಿಗೆ ಸರಿದು ಅಕ್ಕನಿಗೆ ದಾರಿ ಬಿಟ್ಟ. ಇಸ್ತ್ರಿಯ ಗೆರೆ ಮಾಸದ ಅಂಗಿ, ಕೈಯಲ್ಲಿ ಮಡಿಸಿದ ಕಾಗದಗಳು.

"ಏನಕ್ಕಾ, ಪರದೆ ಒಗೆಯಕ್ಕಾ? ನಮ್ಮನೆಯವಳಿಗೆ ಕೊಟ್ಟಿದ್ರೆ ಇಸ್ತ್ರಿನೂ ಹಾಕಿ ಕೊಡ್ತಿದ್ಲು. ಅದೇ ಅಲ್ವಾ ಅವಳ ಕೆಲಸ?"

ಅಕ್ಕ ನಕ್ಕಳು. ಹೇಗೆ ನಕ್ಕಳೋ, ಅದು ಅವಳಿಗೇ ತಿಳಿಯಲಿಲ್ಲ. "ಇದರ ಕೊಳೆ ನೋಡಿದ್ರೆ ಅವರು ಕೆಲಸಾನೇ ಬಿಡ್ತಾರೆ, ಬಿಡಿ" ಎಂದು ಇಳಿದುಹೋದಳು.

ಅವನು ಕುಳಿತ. "ಅವಳು ಬರೋವರೆಗೂ ಕೂತಿರ್ತೀನಿ ಮೇಡಂ. ನಮ್ಮ ತಮ್ಮನೂ ಬಂದಿದ್ದಾನೆ. ಹಿಂದಿನ ಮೆಟ್ಟಿಲ ಹತ್ರ ನಿಂತಿದ್ದಾನೆ, ಅಲ್ಲಿ ನೆರಳಿದೆ."

ಆಗ ಸಮಾಲೋಚಕಿಯ ಕಣ್ಣು ಕಿಟಕಿಯ ಮೇಲೆ ಬಿತ್ತು. ಪರದೆಯಿಲ್ಲದ ಬೋಳು ಗಾಜಿನಾಚೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಿಸಿಲು ಹಾಸಿಕೊಂಡಿತ್ತು. ಕನ್ನಡಕದಂಗಡಿಯ ಬಾಗಿಲಿಗೆ ಬರುವ ಪ್ರತಿಯೊಬ್ಬರೂ ಅವನ ಕುರ್ಚಿಗೆ ಕಾಣುವರು. ಚೀಲ ಮುಚ್ಚಲು ಹೋಗಿ ದಾರಿಯನ್ನೇ ತೆರೆದಿಟ್ಟಿದ್ದರು.

"ಒಳಗೆ ಬನ್ನಿ" ಎಂದಳು. "ಓದಿದ್ದೀರಲ್ಲ. ಕೇಳೋದು ಏನಾದ್ರೂ ಇದ್ದೇ ಇರುತ್ತೆ."

ಅವನು ಒಂದು ಕ್ಷಣ ಬೀದಿಯನ್ನು ನೋಡಿದ. ಕೊನೆಗೆ ಎದ್ದ.

ಒಳಕೋಣೆಗೆ ಕಿಟಕಿ ಇರಲಿಲ್ಲ. ಅವನು ಹೋಗಿ ಕುಳಿತದ್ದು ಹೆಂಡತಿ ಕೂರುತ್ತಿದ್ದ ಕುರ್ಚಿಯಲ್ಲೇ. ಬೇರೆ ಹಾಳೆಗಳನ್ನು ಪಕ್ಕಕ್ಕಿಟ್ಟು ಒಂದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಮಡಿಕೆ ಸವರಿದ.

"ಚೆನ್ನಾಗಿ ಬರೀತೀರಿ ಮೇಡಂ. ಎಲ್ಲ ಅರ್ಥ ಆಯ್ತು. ಇದೊಂದು ಆಗಲಿಲ್ಲ." ಬೆರಳು ಆ ಗೆರೆಯ ಮೇಲೆ ಮೆಲ್ಲಗೆ ಹರಿಯಿತು. "ಇಲ್ಲಿ ಏನು ಹೇಳಿದ್ಲು?"

"ಅದನ್ನ ನಾನು ಹೇಳೋ ಹಾಗಿಲ್ಲ."

"ಕೊಟ್ಟಾಯ್ತಲ್ಲ ಮೇಡಂ! ಸಹಿ ಇದೆ, ಕಾಪಿ ಇದೆ. ಈಗ ಕೊನೇ ಸಾಲಿಗೆ ಬಂದು ಬಾಯಿ ಮುಚ್ಕೊಂಡ್ರೆ ಹೇಗೆ?"

ಅವಳು ಉತ್ತರ ಕೊಡಲಿಲ್ಲ. ಸುಮ್ಮನಿರುವುದು ಅವಳ ಕಸುಬಾಗಿತ್ತು. ಖಾಲಿ ಬಿಟ್ಟ ಮೌನವನ್ನು ಎದುರಿಗಿರುವವರು ಬಹಳ ಹೊತ್ತು ತಾಳಲಾರರು, ತಾವೇ ತುಂಬತೊಡಗುತ್ತಾರೆ. ಎಂಟು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಅವಳು ಒಂದು ಹೊಸ ಹಾಳೆ ಎಳೆದುಕೊಂಡು ಪೆನ್ನನ್ನು ಊರಿದಳು.

ಅವನು ಕಾದ. ಕಾಲು ಬದಲಿಸಿದ. "ನಾನೇನು ಅವಳನ್ನ ತಿಂದುಬಿಡ್ತೀನಾ?" ಎಂದ. ಮತ್ತೆ ಕಾದ. ಆಮೇಲೆ ಮಾತು ಶುರುವಾಯಿತು. ಅವಳಿಗೆ ಮನೆಯಲ್ಲಿ ಯಾವುದಕ್ಕೂ ಕಡಿಮೆ ಮಾಡಿಲ್ಲವೆಂದ. ಬಾಗಿಲು ಹಳೆಯದಾಗಿತ್ತೆಂದ. ಸಮಾಲೋಚಕಿ ಬಾಗಿಲಿನ ವಿಷಯ ಎತ್ತಿರಲೇ ಇಲ್ಲ. ಅವನ ತಲೆಯ ಹಿಂದೆ ಗಡಿಯಾರದ ಮುಳ್ಳು ನಾಲ್ಕು ದಾಟಿತು. ಅವಳು ಮೈಯೆಲ್ಲ ಕಿವಿಯಾಗಿ ಕುಳಿತಳು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿಸಿತು. ಎರಡು, ಮೂರು, ನಾಲ್ಕು. ಅವನ ಮಾತು ತಟಕ್ಕನೆ ನಿಂತಿತು. ಹೆಜ್ಜೆ ಮೇಲಿನ ಮಹಡಿಗೆ ಹತ್ತಿಹೋಯಿತು.

"ಬರಲಿಲ್ಲ ಅವಳು" ಎಂದ ಅವನು. ನಾಲ್ಕೂವರೆ.

"ಕೆಲವು ಸಲ ತಡ ಆಗುತ್ತೆ."

"ಇಲ್ಲ ಮೇಡಂ. ಒಂದೇ ಒಂದು ದಿನವೂ ತಡವಾಗಿ ಬಂದಿಲ್ಲ. ನಿಮ್ಮ ಬಿಳಿ ಹಾಳೆಯಲ್ಲೇ ಇದೆ." ಅವನು ಮೊದಲ ಸಲ ನಕ್ಕ. ಮುಂದಕ್ಕೆ ಬಾಗಿ, ಗುಟ್ಟು ಹೇಳುವವನಂತೆ, "ಬಟ್ಟೆಗಂಟು ತಗೊಂಡು ಹೋದ ಆ ಅಕ್ಕ ಇನ್ನೂ ಬರಲಿಲ್ಲ ಅಲ್ವಾ?" ಎಂದ.

ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಅವಳೂ ಎದ್ದು ನಿಂತಳು. ಬಾಗಿಲಿಗೂ ಅವನಿಗೂ ನಡುವೆ ಅವಳೊಬ್ಬಳೇ ಇದ್ದಳು. ಅಷ್ಟು ಹತ್ತಿರದಿಂದ ಅವನ ಅಂಗಿಯ ಗಂಜಿಯ ವಾಸನೆ ಬರುತ್ತಿತ್ತು. ಆ ಅಂಗಿಗೆ ಇಸ್ತ್ರಿ ಹಾಕಿದವಳೂ ಅವನ ಹೆಂಡತಿಯೇ ಇರಬೇಕು, ಬೆಳಿಗ್ಗೆ, ಹೊರಡುವ ದಿನ ಅನುಮಾನ ಬರಬಾರದೆಂದು.

"ಆ ಗೆರೆ ಏನು ಅಂತ ಕೇಳಿದ್ರಿ" ಎಂದಳು. "ಕೂತ್ಕೊಳ್ಳಿ, ಹೇಳ್ತೀನಿ."

ಅವನು ನಿಂತೇ ಇದ್ದ. ಆದರೆ ಹೋಗಲಿಲ್ಲ. ಆ ಗೆರೆ ಅವನನ್ನು ಬೆಳಗಿನಿಂದ ಕೊರೆಯುತ್ತಿತ್ತು.

"ಅಲ್ಲಿ ಅವರು ಏನೂ ಹೇಳಲಿಲ್ಲ. ನಿಮಗೆ ಗೊತ್ತಾದ್ರೆ ಏನಾಗುತ್ತೆ ಅಂತ ಕೇಳಿದೆ. ಮೂರು ನಿಮಿಷ ಮಾತೇ ಬರಲಿಲ್ಲ. ನಾನು ಗೆರೆ ಎಳೀತಾನೇ ಇದ್ದೆ. ಈ ಕೋಣೇಲಿ ಅಷ್ಟುದ್ದದ ಗೆರೆ ಯಾರಿಗೂ ಎಳೆದಿಲ್ಲ." ಅವಳು ಮೇಜಿನ ಮೇಲಿನ ಹಾಳೆಯತ್ತ ಕೈ ತೋರಿದಳು. "ಆ ಮೂರು ನಿಮಿಷ ನೀವು. ಇನ್ನೇನೂ ಅಲ್ಲ."

ಅವನು ಹಾಳೆಯನ್ನು ನೋಡಿದ, ಅವಳನ್ನು ನೋಡಿದ. ಎಷ್ಟು ಹೊತ್ತೋ. ಜೇಬಿನಲ್ಲಿ ಫೋನ್ ಹೊಡೆದುಕೊಂಡಾಗ ಇಬ್ಬರೂ ಬೆಚ್ಚಿದರು. ತಮ್ಮನದು. "ಯಾರೂ ಇಳಿದಿಲ್ವಾ? ಸರಿ, ನೀನು ಬಸ್‌ಸ್ಟ್ಯಾಂಡಿಗೆ ನಡಿ, ಬಂದೆ" ಎಂದ. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. "ಬರ್ತೀನಿ ಮೇಡಂ" ಎಂದು ಹೊರಟ, ಮತ್ತೆ ಬರುವವನ ಹಾಗೆಯೇ.

ಗಡಿಯಾರದಲ್ಲಿ ನಾಲ್ಕು ಮೂವತ್ತೆಂಟು. ಬಸ್‌ಸ್ಟ್ಯಾಂಡಿಗೆ ನಡಿಗೆಯಲ್ಲಿ ಎಂಟು ನಿಮಿಷ. ಓಡಿದರೆ? ಅವಳು ಲೆಕ್ಕ ಹಾಕುವ ಧೈರ್ಯ ಮಾಡಲಿಲ್ಲ.

ಐದು ಗಂಟೆಯವರನ್ನು ನಾಳೆ ಬನ್ನಿ ಎಂದು ಕಳಿಸಿಯಾಗಿತ್ತು. ಅಕ್ಕ ಬಂದಾಗ ಐದೂವರೆ ಆಗಿತ್ತು. ಪರದೆಯ ಗಂಟು ತೆಳ್ಳಗಾಗಿತ್ತು, ಮುಖ ಬೆವರಿನಲ್ಲಿ ತೊಯ್ದಿತ್ತು. "ಹತ್ತಿಸಿದೆ. ಬಸ್ಸು ಹೊರಳೋದನ್ನೂ ನೋಡಿದೆ. ಆಮೇಲೆ ಆ ಅಣ್ಣತಮ್ಮ ಇಬ್ಬರೂ ಬಂದ್ರು, ನಿಂತಿದ್ದ ಬಸ್ಸೆಲ್ಲ ಹತ್ತಿ ಇಳಿದ್ರು. ನಾನು ಹೆಂಗಸರ ಸಾಲಲ್ಲಿ ಗಂಟಿನ ಮೇಲೆ ಕೂತಿದ್ದೆ." ನೀರು ಕುಡಿದಳು. "ಆ ಕನ್ನಡಕದವನು ನನಗೆ ಹನ್ನೊಂದು ಫ್ರೇಮು ಹಾಕಿಸಿ ನೋಡಿದಾನೆ ಮೇಡಂ. ಬಿಡಲೇ ಇಲ್ಲ. ಒಂದಕ್ಕೆ ಅಳತೆ ಕೊಟ್ಟು ಬಂದೆ."

ಇಬ್ಬರಿಗೂ ನಗು ಬಂತು, ಅರ್ಧಕ್ಕೇ ನಿಂತಿತು.

"ಅವಳಿಗೆ ಹೇಳಿದಿರಾ? ಅವನಿಗೆ ಹೇಗೆ ಗೊತ್ತಾಯ್ತು ಅಂತ?"

"ಹೇಳಿದೆ. ಮುಚ್ಚಿಡೋಕೆ ಆಗಲಿಲ್ಲ." ಅಕ್ಕ ಕಣ್ಣು ತಗ್ಗಿಸಿದಳು. "ಅವಳು ಬೈಯಲಿಲ್ಲ. ಊರಿನ ಹೆಸರು ಬರೆದಿದ್ರಾ ಅಂತ ಕೇಳಿದ್ಲು. ಇಲ್ಲ ಅಂದೆ. ಹಾಗಾದ್ರೆ ಮುಟ್ಟಿದ ಮೇಲೆ ಒಂದು ರಿಂಗ್ ಕೊಟ್ಟು ಇಟ್ಬಿಡ್ತೀನಿ ಅಂದ್ಲು. ಎತ್ತಬೇಡಿ ಅಂದ್ಲು."

ಕಾಯುತ್ತಾ ಇಬ್ಬರೂ ಅಲಮಾರಿಯ ಫೈಲುಗಳನ್ನೆಲ್ಲ ನೆಲಕ್ಕೆ ಇಳಿಸಿದರು. ನೂರ ಅರವತ್ತಕ್ಕೂ ಮೇಲೆ. ಪ್ರತಿಯೊಂದರಲ್ಲೂ ಅದೇ ಒಪ್ಪಿಗೆ ಪತ್ರ: ಅಪ್ಪನಿಗೆ ಕೊಡಬಹುದು, ಮಗನಿಗೆ ಕೊಡಬಹುದು, ಅತ್ತೆಗೆ ಕೊಡಬಹುದು, ಎಲ್ಲಿಯವರೆಗೆ ಎಂಬುದಿಲ್ಲ. ಒಂದೊಂದನ್ನೂ ಬಿಚ್ಚಿ, ಹಿಂದೆ ಹಳದಿ ಇದೆಯೇ ಎಂದು ತಡಕುವಾಗ ಸಮಾಲೋಚಕಿಯ ಬೆರಳು ಪ್ರತಿ ಸಲವೂ ಅಳುಕುತ್ತಿತ್ತು. ಎರಡು ಸಿಕ್ಕವು.

ಆರೂವರೆಗೆ ಫೋನ್ ರಿಂಗಾಯಿತು. ಒಂದು, ಎರಡು, ಮೂರು. ನಿಲ್ಲಲಿಲ್ಲ. ಒಂಬತ್ತನೆಯದಕ್ಕೆ ಅವಳು ಎತ್ತಿದಳು. ಆ ಕಡೆ ಉಸಿರಷ್ಟೇ ಕೇಳುತ್ತಿತ್ತು. ಅವಳೂ ಮಾತಾಡಲಿಲ್ಲ. ಯಾರದೆಂದು ಗೊತ್ತಾಗಲು ಅವಳಿಗೆ ಮಾತು ಬೇಕಿರಲಿಲ್ಲ. ಬಹಳ ಹೊತ್ತಿನ ಮೇಲೆ ಆ ಕಡೆಯವನೇ ಇಟ್ಟ.

ಅವಳು ನಾಲ್ಕು ಗಂಟೆಯವಳ ಒಪ್ಪಿಗೆ ಪತ್ರದ ಮೇಲೆ ಅಡ್ಡಗೀಟು ಹಾಕಿ, ಬಿಳಿ ಹಾಳೆಯಲ್ಲಿ ಅಂದಿನ ತಪ್ಪನ್ನು ಒಂದೂ ಬಿಡದೆ ಬರೆಯತೊಡಗಿದಳು: ಯಾರು ಕೊಟ್ಟರು, ಏನು ಕೊಟ್ಟರು, ಕೊಡಬಾರದ್ದು ಅಲ್ಲಿಗೆ ಹೇಗೆ ಬಂತು. ನಾಲ್ಕು ಗಂಟೆಯವಳು ಎಂದಾದರೂ ಕೇಳಿದರೆ ಓದುವ ಹಕ್ಕು ಅವಳದು.

ಏಳೂ ಹತ್ತಕ್ಕೆ ಫೋನ್ ಒಂದೇ ಒಂದು ಸಲ ರಿಂಗಾಗಿ ನಿಂತಿತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಮಾಲೋಚಕಿ ಪೆನ್ನಿನ ಕ್ಯಾಪು ಹಾಕಿದಳು. ಆ ಒಂದು ರಿಂಗನ್ನು ಅವಳು ಬಿಳಿಯಲ್ಲೂ ಬರೆಯಲಿಲ್ಲ, ಹಳದಿಯಲ್ಲೂ ಬರೆಯಲಿಲ್ಲ.