ಒಂದೇ ಪಂದ್ಯದ ಆಟಗಾರ್ತಿ

ವಿಶ್ವಕೋಶದ ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಪ್ರಧಾನ ಸಂಪಾದಕರೂ ಸೇರಿದಂತೆ. ಕ್ರೀಡಾ ಸಂಪುಟದಲ್ಲಿ ಕ್ರಿಕೆಟ್ ಭಾಗ ಅವಳ ಪಾಲಿಗೆ ಬಂದಿತ್ತು. ಯಾವ ಆಟಗಾರರ ಬಗ್ಗೆ ಲೇಖನ ಇರಬೇಕು, ಯಾರದ್ದು ಬೇಡ ಎಂದು ತೀರ್ಮಾನಿಸುವುದೇ ಮೊದಲ ಕೆಲಸ. ಸಮಿತಿ ಸರಳವಾದ ನಿಯಮ ಮಾಡಿತ್ತು: ಗಂಡಸರಾಗಲಿ ಹೆಂಗಸರಾಗಲಿ, ದೇಶದ ತಂಡದಲ್ಲಿ ಒಂದೇ ಒಂದು ಪಂದ್ಯ ಆಡಿದ್ದರೂ ಸಾಕು. ಆ ಪ್ರಕಾರ ಮುನ್ನೂರ ಹನ್ನೆರಡು ಮಂದಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬರೆದು, ಉದ್ದನೆಯ ಮರದ ಡಬ್ಬಿಗಳಲ್ಲಿ ಸಾಲಾಗಿ ನಿಲ್ಲಿಸಿದ್ದರು.

ಮಂಗಳವಾರ ಮಧ್ಯಾಹ್ನ ನಾಲ್ಕನೆಯ ಡಬ್ಬಿಯಲ್ಲಿ ಅವಳಿಗೆ ತಂಗಿಯ ಕಾರ್ಡು ಸಿಕ್ಕಿತು.

ಬಂದೇ ಬರುತ್ತದೆ ಎಂದು ಗೊತ್ತಿತ್ತು. ಆದರೂ ಅದನ್ನು ಹೊರಗೆಳೆದು ಓದಿದಳು. ಪಂದ್ಯ: ಒಂದು. ಎದುರಿಸಿದ ಎಸೆತ: ಏಳು. ರನ್: ಸೊನ್ನೆ. ಕ್ಯಾಚ್: ಒಂದು. ಅಷ್ಟೇ. ಇಷ್ಟಕ್ಕೆ ಇವಳು ವಿಶ್ವಕೋಶದಲ್ಲಿ ಇರುತ್ತಾಳೆ, ಗ್ರಂಥಾಲಯಗಳ ಕಪಾಟಿನಲ್ಲಿ ನೂರು ವರ್ಷ ಕೂತಿರುತ್ತಾಳೆ. ಕ್ಲಬ್ಬಿನಲ್ಲಿ ಹನ್ನೊಂದು ಶತಕ ಹೊಡೆದ ತಾನು ಆ ಕಾರ್ಡಿನ ಕಾಗುಣಿತ ತಿದ್ದಬೇಕು.

ತಂಗಿಗೆ ಬ್ಯಾಟು ಹಿಡಿಯಲು ಕಲಿಸಿದ್ದೇ ಅಕ್ಕ. ಮನೆಯ ಹಿಂದಿನ ಓಣಿಯಲ್ಲಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದು. ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರೂ ಒಟ್ಟಿಗೆ ಆಯ್ಕೆ ಪಂದ್ಯ ಆಡಿದರು. ಅಕ್ಕ ಮೂವತ್ತೊಂದು ರನ್ ಹೊಡೆದು ಕೈ ಕುದುರಿದ್ದಾಗ ಚೆಂಡನ್ನು ಎದುರಿಗೆ ಮೆಲ್ಲಗೆ ತಳ್ಳಿ ಓಡಿದಳು. ಆಚೆ ತುದಿಯಲ್ಲಿದ್ದ ತಂಗಿ ಕೈ ಎತ್ತಿ “ಬೇಡ” ಅಂದಳು. ಅರ್ಧ ದಾರಿಯಿಂದ ತಿರುಗಿ ಬರುವಷ್ಟರಲ್ಲಿ ವಿಕೆಟ್ ಬಿದ್ದಿತ್ತು. ತಂಗಿ ಅರವತ್ತಾರು ಹೊಡೆದಳು, ಆಯ್ಕೆಯಾದಳು. ಮರುವರ್ಷ ಅಕ್ಕನ ಮೊಣಕಾಲು ಕೈಕೊಟ್ಟಿತು. ಅಂದಿನಿಂದ ಕೇಳಿದವರಿಗೆಲ್ಲ ಅವಳದು ಒಂದೇ ಮಾತು: “ನನ್ನನ್ನ ರನ್ ಔಟ್ ಮಾಡಿಸಿದ್ದೇ ಅವಳು.” ತಂಗಿಯ ಎದುರಿಗಾದರೆ ನಗುನಗುತ್ತ ಹೇಳುತ್ತಿದ್ದಳು.

ಬುಧವಾರದ ಸಭೆಯಲ್ಲಿ ಅಕ್ಕ ಕೈ ಎತ್ತಿದಳು. “ಸರ್, ಪುಟ ಮಿತಿ ಮೀರ್ತಾ ಇದೆ. ಒಂದು ಪಂದ್ಯ ಆಡಿದವರಿಗೆಲ್ಲ ಲೇಖನ ಅಂದ್ರೆ ಸಂಪುಟದ ತೂಕ ಏನಾಗಬೇಕು? ಕನಿಷ್ಠ ಐದು ಪಂದ್ಯ ಅಂತ ಇಡೋಣ.”

ಪ್ರಧಾನ ಸಂಪಾದಕರು ಕನ್ನಡಕ ಹಣೆಗೇರಿಸಿ ಯೋಚಿಸಿದರು. “ಅದೂ ಸರಿನೇ. ಐದೇ ಇರಲಿ.”

ಎರಡು ನಿಮಿಷವೂ ಹಿಡಿಯಲಿಲ್ಲ. ಎಪ್ಪತ್ನಾಲ್ಕು ಕಾರ್ಡುಗಳು ಡಬ್ಬಿಯಿಂದ ಹೊರಬಿದ್ದವು. ಕರಡು ತಿದ್ದುವಾಕೆ ಅವಕ್ಕೆ ದಾರ ಕಟ್ಟುತ್ತ, “ಪಾಪ, ಆಡಿದ ದಿನ ಇವರಿಗೂ ರೋಮಾಂಚನ ಆಗಿತ್ತೋ ಏನೋ” ಎಂದಳು. ಅಕ್ಕ ಕೇಳಿಸದವಳಂತೆ ಪೆನ್ಸಿಲ್ ಚೂಪು ಮಾಡಿದಳು. ಆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಮೈ ಹಗುರವಾಗಿತ್ತು.

ಭಾನುವಾರ ತಂಗಿಯ ಮನೆಗೆ ಊಟಕ್ಕೆ ಹೋದಳು. ಬಾಗಿಲು ತೆಗೆದ ಭಾವನವರ ಮುಖ ಅರಳಿತ್ತು. ತಂಗಿಯ ಗಂಡನಾದರೂ ವಯಸ್ಸಿನಲ್ಲಿ ದೊಡ್ಡವರೆಂದು ಅವಳು ಅವರನ್ನು ಹಾಗೆಯೇ ಕರೆಯುತ್ತಿದ್ದಳು. “ಬನ್ನಿ ಬನ್ನಿ! ವಿಶ್ವಕೋಶದಲ್ಲಿ ನಮ್ಮನೆಯವಳ ಹೆಸರು ಬರುತ್ತಂತೆ? ಬ್ಯಾಂಕಲ್ಲಿ ಎಲ್ಲರಿಗೂ ಹೇಳಿಬಿಟ್ಟೆ.”

ತಂಗಿ ಅಡುಗೆಮನೆಯಿಂದಲೇ, “ಸುಮ್ನಿರಿ, ಅಕ್ಕ ಇನ್ನೂ ಏನೂ ಹೇಳಿಲ್ಲ” ಎಂದಳು. ಆಮೇಲೆ ತಟ್ಟೆ ಇಡುತ್ತ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದಳು: “ಇರುತ್ತಾ ಅಕ್ಕ?”

“ಐದು ಪಂದ್ಯ ಆಡಿರಬೇಕಂತೆ ಕಣೇ. ನಿಯಮ. ನನ್ನ ಕೈಲೇನಿದೆ?”

“ಓ.” ತಂಗಿ ತಟ್ಟೆಯನ್ನು ಮತ್ತೊಮ್ಮೆ ಒರೆಸಿದಳು. “ಸರಿ ಬಿಡು. ಸೊನ್ನೆ ಹೊಡೆದವಳಿಗೆ ಎಂಥಾ ವಿಶ್ವಕೋಶ.”

ಈ ಕ್ಷಣಕ್ಕಾಗಿಯೇ ಅಕ್ಕ ವಾರವೆಲ್ಲ ಕಾದಿದ್ದಳು. ಬಂದಾಗ ಅದು ರುಚಿಸಲಿಲ್ಲ. ತಂಗಿ ಜಗಳವಾಡಿದ್ದರೆ, ಕಣ್ಣೀರು ಹಾಕಿದ್ದರೆ ಏನಾದರೂ ಗೆದ್ದಂತೆ ಇರುತ್ತಿತ್ತು. ಅವಳು ಇನ್ನೊಂದು ಸೌಟು ಸಾರು ಬಡಿಸಿ, “ಮೊಣಕಾಲು ನೋವು ಹೇಗಿದೆ?” ಎಂದು ಕೇಳಿದಳು. ದೊಡ್ಡ ಮನಸ್ಸು! ಅದಕ್ಕೂ ಅಕ್ಕನಿಗೆ ಉರಿದುಹೋಯಿತು.

ಸೋಮವಾರ ಹೊರಬಿದ್ದ ಕಾರ್ಡುಗಳನ್ನು ಉಗ್ರಾಣಕ್ಕೆ ಕಳಿಸುವ ಮುಂಚೆ ಸಹಿ ಹಾಕಬೇಕಿತ್ತು. ಒಂದೊಂದಾಗಿ ತಿರುವಿ ಹಾಕುತ್ತಿದ್ದವಳ ಕೈ ನಿಂತಿತು. ಕ್ಲಬ್ಬಿನಲ್ಲಿ ತಮ್ಮಿಬ್ಬರಿಗೂ ಆಟ ಕಲಿಸಿದ ಕೋಚ್ ಮೇಡಂ. ಪಂದ್ಯ: ಮೂರು. ಮೇಡಂ ಎಷ್ಟು ಪಂದ್ಯ ಆಡಿದ್ದರೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಕಡಿಮೆಯೆಂದರೂ ಇಪ್ಪತ್ತು ಇರಬೇಕು ಎಂದುಕೊಂಡಿದ್ದಳು.

ಆಯ್ಕೆ ಪಂದ್ಯದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ಯಾಡು ಕಳಚಿ ಎಸೆದು ತಂಗಿಯನ್ನು ಬೈಯುತ್ತಿದ್ದಾಗ, ಅದೇ ಮೇಡಂ ಬಾಗಿಲಲ್ಲಿ ನಿಂತು ಹೇಳಿದ್ದರು: “ಚೆಂಡು ನಿನ್ನ ಕಣ್ಣೆದುರಿಗಿತ್ತು. ಓಡಬೇಕೋ ಬೇಡವೋ ಅಂತ ಹೇಳಬೇಕಾದವಳು ನೀನು. ನೀನು ಬಾಯಿ ಬಿಡದೇ ಓಡಿದೆ. ಅವಳ ತಪ್ಪೇನಿದೆ ಅದರಲ್ಲಿ?” ಆ ಮಾತನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ. ಆಮೇಲೆ ಮೇಡಂ ಮನೆಗೂ ಹೋಗುವುದನ್ನು ಬಿಟ್ಟಿದ್ದಳು.

ಅವಳು ನೇರ ಪ್ರಧಾನ ಸಂಪಾದಕರ ಕೋಣೆಗೆ ಹೋದಳು. “ಸರ್, ಇವರೊಬ್ಬರನ್ನ ಉಳಿಸಿಕೊಳ್ಳೋಣ. ಎಷ್ಟೋ ಹುಡುಗಿಯರನ್ನ ತಯಾರು ಮಾಡಿದವರು.”

“ಒಬ್ಬರಿಗೆ ಸಡಿಲ ಬಿಟ್ರೆ ಉಳಿದ ಎಪ್ಪತ್ಮೂರು ಜನ ಏನು ಪಾಪ ಮಾಡಿದಾರೆ? ನಿಯಮ ನೀವೇ ಮಂಡಿಸಿದ್ದಲ್ವೇ ಅಕ್ಕ?”

“ಹಾಗಾದ್ರೆ ಹಿಂತೆಗೆದುಕೊಳ್ತೀನಿ ಸರ್.”

“ಸಭೆಯಲ್ಲಿ ಆದದ್ದು. ಸಭೆಯಲ್ಲೇ ಕಾರಣ ಹೇಳಿ.”

ಎರಡು ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣಗಳನ್ನು ಹೆಣೆದಳು: ಇತಿಹಾಸದ ಸಮಗ್ರತೆ, ಓದುಗರ ಕುತೂಹಲ, ಮಹಿಳಾ ಕ್ರಿಕೆಟ್ಟಿಗೆ ಪಂದ್ಯಗಳೇ ಕಡಿಮೆಯಿದ್ದ ಕಾಲ. ಎಲ್ಲವೂ ನಿಜವೇ. ಬುಧವಾರ ಎದ್ದು ನಿಂತಾಗ ಅವ್ಯಾವುವೂ ಬಾಯಿಗೆ ಬರಲಿಲ್ಲ.

“ಐದು ಪಂದ್ಯ ಅಂತ ನಾನು ಹೇಳಿದ್ದು ಪುಟ ಉಳಿಸೋಕಲ್ಲ. ನನ್ನ ತಂಗಿ ಒಂದೇ ಪಂದ್ಯ ಆಡಿದಾಳೆ. ಅವಳ ಹೆಸರು ಬರಬಾರದು ಅಂತ ಹೇಳಿದೆ. ಹೊಟ್ಟೆಕಿಚ್ಚು.”

ಭೂಗೋಳದ ಸಂಪಾದಕರು ಫ್ಯಾನನ್ನು ನೋಡತೊಡಗಿದರು. ಕರಡು ತಿದ್ದುವಾಕೆ ತಲೆ ತಗ್ಗಿಸಿದಳು. ಅಕ್ಕನ ಕಿವಿ ಕೆಂಡವಾಗಿತ್ತು.

ಪ್ರಧಾನ ಸಂಪಾದಕರು ಗಂಟಲು ಸರಿಮಾಡಿಕೊಂಡರು. “ನಡಾವಳಿಯಲ್ಲಿ ‘ಮರುಪರಿಶೀಲನೆ’ ಅಂತ ಬರೆದುಕೊಳ್ಳಿ. ಹೊಟ್ಟೆಕಿಚ್ಚಿಗೆ ನಮ್ಮಲ್ಲಿ ಕಾಲಂ ಇಲ್ಲ. ಹಳೇ ನಿಯಮನೇ ಇರಲಿ. ಆದ್ರೆ ತಂಗಿಯ ಲೇಖನ ನೀವು ಬರೆಯೋದು ಬೇಡ.”

ತಂಗಿಯ ಲೇಖನವನ್ನು ಕರಡು ತಿದ್ದುವಾಕೆ ಬರೆದಳು. ತಂಗಿಗೆ ಫೋನು ಮಾಡಿ ವಿವರ ಕೇಳಿಕೊಂಡಿದ್ದಳು. ಲೇಖನ ಏಳು ಸಾಲಾಗಿತ್ತು. ಒಂದೇ ಪಂದ್ಯದವರಿಗೆ ಇದ್ದ ಮಿತಿ ಆರು ಸಾಲು. ಎಲ್ಲ ಲೇಖನಗಳ ಅಳತೆ ನೋಡುವುದು ಅಕ್ಕನ ಹೊಣೆಯೇ ಆದ್ದರಿಂದ ಆ ಹಾಳೆಯೂ ಅವಳ ಮೇಜಿಗೇ ಬಂತು. ಕೊನೆಯ ಸಾಲು ಹೀಗಿತ್ತು: “ಬ್ಯಾಟಿಂಗನ್ನು ತಮ್ಮ ಅಕ್ಕನಿಂದ ಕಲಿತರು.”

ಅವಳು ಅದನ್ನು ಮೂರು ಸಲ ಓದಿದಳು. ತಂಗಿಗೆ ನೆನಪಿತ್ತು, ಕೇಳದಿದ್ದರೂ ಹೇಳಿದ್ದಳು. ಎದೆ ತುಂಬಿ ಬಂತು. ಅದರ ಬೆನ್ನಿಗೇ ಹಳೆಯ ಉರಿಯೂ ಬಂತು: ಹನ್ನೊಂದು ಶತಕದವಳು ವಿಶ್ವಕೋಶದೊಳಗೆ ಕಾಲಿಡುವುದು ಇನ್ನೊಬ್ಬಳ ಅಕ್ಕನಾಗಿ, ಬಾಲದ ಹಾಗೆ. ಒಂದು ಸಾಲು ತೆಗೆಯಲೇಬೇಕಿತ್ತು. ಸೊನ್ನೆಯ ಸಾಲನ್ನು ತೆಗೆದು ತಂಗಿಯ ಮಾನ ಉಳಿಸಬಹುದಿತ್ತು; ಆದರೆ ಅದು ದಾಖಲೆ, ತೆಗೆಯುವ ಹಾಗಿಲ್ಲ. ಕೆಂಪು ಪೆನ್ನಿನಿಂದ ತನ್ನ ಕುರಿತ ಸಾಲನ್ನೇ ಹೊಡೆದುಹಾಕಿದಳು. ಕೋಚ್ ಮೇಡಂ ಲೇಖನವನ್ನು ಮಾತ್ರ ತಾನೇ ಕೂತು ಬರೆದಳು, ಮೂರು ಪಂದ್ಯಕ್ಕೆ ಎಷ್ಟು ಸಾಲಿತ್ತೋ ಅಷ್ಟನ್ನೂ ತುಂಬಿಸಿ.

ಸಂಪುಟ ಅಚ್ಚಾಗಿ ಬಂದ ವಾರ ತಂಗಿ ಫೋನು ಮಾಡಿದಳು. “ಅಕ್ಕ, ನೋಡಿದೆ! ಫೋನಲ್ಲಿ ವಿವರ ಕೇಳಿದಾಗ್ಲೂ ನಂಬಿರ್ಲಿಲ್ಲ. ಐದು ಪಂದ್ಯದ ನಿಯಮ ಏನಾಯ್ತು?”

“ಅದನ್ನ ತಂದವಳೇ ನಾನು ಕಣೇ. ಆಮೇಲೆ ತೆಗೆಸಿದೆ.”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

“ಆ ಭಾನುವಾರ ತಟ್ಟೆ ಇಡುವಾಗ್ಲೇ ಅನ್ನಿಸಿತ್ತು ನಂಗೆ,” ಎಂದಳು ತಂಗಿ. “ನನ್ನ ಕಣ್ಣು ನೋಡಲಿಲ್ಲ ನೀನು. ಹೋಗ್ಲಿ, ನಿನ್ನ ವಿಷಯ ಹೇಳಿದ್ದೆನಲ್ಲ, ಅದನ್ನ ಯಾರು ತೆಗೆದ್ರು?”

“ಅದನ್ನೂ ನಾನೇ.”

“ನೀನೊಬ್ಬಳು!” ತಂಗಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. ಬಾಯಿಗೆ ಬಂದಂತೆ ಬೈದಳು. ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂದಕ್ಕೂ ಎದುರಾಡದೆ ಎಲ್ಲವನ್ನೂ ಕೇಳಿಸಿಕೊಂಡಳು.