ಗುಂಜಿ ಮನೆಯ ಹಿತ್ತಾಳೆ ಪಾತೇಲಿ

ನನ್ನದು ಕರಿನಾಲಿಗೆಯಂತೆ. ನಾನು ನುಡಿದ ಕೆಟ್ಟದ್ದೆಲ್ಲ ಖರೇ ಆಗುತ್ತದಂತೆ. ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಂಡಿದ್ದೇನೆ, ಎಲ್ಲರ ನಾಲಿಗೆಯ ಹಾಗೆ ಕೆಂಪಗೇ ಇದೆ. ಆದರೆ ಅದನ್ನು ರಾಮತೀರ್ಥ ನಗರದ ನನ್ನ ಬೀಗತಿ ಪ್ರಮಿಳಾಬಾಯಿಗೆ ತಿಳಿಸಿ ಹೇಳುವವರು ಯಾರು?

ತನ್ಮಯಿ ನನ್ನ ತಮ್ಮನ ಮಗಳು. ತಾಯಿ ತೀರಿಕೊಂಡ ಮೇಲೆ ಶಿವಬಸವ ನಗರದ ನನ್ನ ಮನೆಯಲ್ಲೇ ಬೆಳೆದವಳು. ನನಗೆ ಮದುವೆ ಇಲ್ಲ, ಮಕ್ಕಳಿಲ್ಲ, ವಿಮಾ ಆಫೀಸಿನ ನೌಕರಿ ಮತ್ತು ಈ ಹುಡುಗಿ, ಇಷ್ಟೇ ನನ್ನ ಸಂಸಾರ. ಪ್ರಮಿಳಾಬಾಯಿಯ ಮಗ ಅಭಿಜಿತನಿಗೆ ಅವಳನ್ನು ಧಾರೆ ಎರೆಸಿದವಳು ನಾನೇ. ಮೊದಲ ಸಲ ಬಸುರಾದಾಗ, "ಮೂರ ತಿಂಗಳ ತುಂಬಲಿ, ಅಲ್ಲೀತನಾ ಯಾರಿಗೂ ಹೇಳಬ್ಯಾಡ್ರಿ" ಎಂದಿದ್ದೆ. ಪ್ರಮಿಳಾಬಾಯಿ ಓಣಿಗೆಲ್ಲ ಪೇಢೆ ಹಂಚಿದರು. ಉಳಿಯಲಿಲ್ಲ. ಎರಡನೆಯ ಸಲ, "ಸ್ಕೂಟಿ ಮ್ಯಾಲ ಅಡ್ಡಾಡಬ್ಯಾಡ" ಎಂದೆ. ಸ್ಕೂಟಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ, ಆದರೂ ಉಳಿಯಲಿಲ್ಲ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಅಂದಿನಿಂದ ನಾನು ಬಾಯಿ ತೆರೆದರೆ ಆ ಮನೆಯಲ್ಲಿ ಎಲ್ಲರೂ ದೇವರ ಕೋಣೆಯ ಕಡೆ ನೋಡುತ್ತಾರೆ.

ಈಗಿನದು ಮೂರನೆಯದು. ಇದು ಕೈಬಿಟ್ಟರೆ ಇನ್ನೊಮ್ಮೆ ತಾಯಾಗುವ ಆಸೆ ಇಟ್ಟುಕೊಳ್ಳಬೇಡ ಎಂದು ಡಾಕ್ಟರು ತನ್ಮಯಿಗೆ ಮುಖಕ್ಕೇ ಹೇಳಿದ್ದರು. ಹೇಗೋ ಏಳನೆಯ ತಿಂಗಳು ಬಂತು, ಮೇ ತಿಂಗಳ ಉರಿಬಿಸಿಲಿನಲ್ಲಿ ಕುಬಸ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಎತ್ತಿ, ಬಯಸಿದ್ದನ್ನು ಉಣಿಸುವ ದಿನ. ತನ್ಮಯಿ ಬಯಸಿದ್ದು ಒಂದೇ, ಹುಳಿ ಮತ್ತು ಖಾರ.

ಕುಬಸದ ಹಿಂದಿನ ದಿನ ಅಭಿಜಿತ ನನ್ನನ್ನೂ ತನ್ನ ತಾಯಿಯನ್ನೂ ಕಾರಿನಲ್ಲಿ ಕೂಡಿಸಿಕೊಂಡು ಖಾನಾಪುರ ದಾಟಿ ಗುಂಜಿಗೆ ಕರೆದೊಯ್ದ. ಗುಂಜಿ ಪ್ರಮಿಳಾಬಾಯಿಯ ತವರು. ಹಿತ್ತಲು ದಾಟಿದರೆ ಕಾಡು, ಕಾಡಿನ ಅಂಚಿಗೆ ಹುಳಿ ಹಣ್ಣಿನ ಮುರುಗಲ ಮರಗಳು. ಕೆಂಪಗೆ ಕಳಿತ ಹಣ್ಣುಗಳು ನೆಲದ ತುಂಬ ಉದುರಿದ್ದವು, ಕಾಲಿಟ್ಟಲ್ಲೆಲ್ಲ ರಸ ಚಿಮ್ಮಿ ನನ್ನ ಬಿಳಿ ಸೀರೆಯ ಅಂಚು ರಕ್ತ ಮೆತ್ತಿದ ಹಾಗೆ ಆಯಿತು. ನನಗೆ ಯಾಕೋ ಅದು ಸೇರಲಿಲ್ಲ. ಹೇಳಲು ಹೋದೆ, ಪ್ರಮಿಳಾಬಾಯಿ ಕಣ್ಣು ಕೆಕ್ಕರಿಸಿದರು, ಅಂಚು ಎತ್ತಿ ಸಿಕ್ಕಿಸಿಕೊಂಡೆ.

ಬುಟ್ಟಿ ತುಂಬ ಹಣ್ಣು ಆರಿಸಿಕೊಂಡ ಮೇಲೆ ಅವರು ಅಟ್ಟದ ಮೇಲಿನ ದೊಡ್ಡ ಹಿತ್ತಾಳೆ ಪಾತ್ರೆ, ಪಾತೇಲಿ, ಇಳಿಸಲು ಹೇಳಿದರು. ಆ ಮನೆಯ ಹೆಣ್ಣುಮಕ್ಕಳ ಕುಬಸಕ್ಕೆಲ್ಲ ಆ ಪಾತೇಲಿಯೇ ಆಗಬೇಕು, ಅದು ಅವರ ಪದ್ಧತಿ. ಸೊಸೆಗೂ ಅದೇ ಬೇಕೆಂದು ಅವರ ಹಟ. ಅವರ ಅಣ್ಣನ ಹೆಂಡತಿ ಸಾವಂತ್ರವ್ವ ಅದನ್ನು ಇಳಿಸಿ ಸೆರಗಿನಿಂದ ಧೂಳು ಒರೆಸಿದರು. ಒಳಗೆಲ್ಲ ಕರ್ರಗೆ, ತಳದಲ್ಲಿ ಸತ್ತ ಜೇಡ.

"ಭಾಳ ವರ್ಷ ಆತು ನೋಡವಾ ಇದನ್ನ ಇಳಿಸಿ. ನನ್ನ ಮಗಳ ಕುಬಸದಾಗ ಬರೇ ನೀರ ತುಂಬಿ, ಮ್ಯಾಲ ಹೂ ಬಿಟ್ಟು ಇಟ್ಟಿದ್ವಿ" ಎಂದರು ಸಾವಂತ್ರವ್ವ.

ಈಗಲೂ ಹಾಗೆಯೇ ಹೂ ತೇಲಿಬಿಡುತ್ತಾರೆ ಎಂದುಕೊಂಡೆ. ಸಂಜೆ ಅಭಿಜಿತ ನನ್ನನ್ನು ಶಿವಬಸವ ನಗರದಲ್ಲಿ ಇಳಿಸಿ, ಹಣ್ಣು, ಪಾತೇಲಿ ಮತ್ತು ತಾಯಿಯನ್ನು ಕರೆದುಕೊಂಡು ರಾಮತೀರ್ಥ ನಗರಕ್ಕೆ ಹೋದ.

ಮರುದಿನ ಬೆಳಿಗ್ಗೆ ನಾನು ಹೋದಾಗ ಬಾಗಿಲಿಗೆ ತೋರಣ, ಪಡಸಾಲೆಯಲ್ಲಿ ಬಾಳೆಕಂದಿನ ಮಂಟಪ. ತನ್ಮಯಿ ನನ್ನನ್ನು ಎಳೆದುಕೊಂಡು ಹೋಗಿ ಕೋಣೆಯ ಬಾಗಿಲು ಹಾಕಿದಳು. ಹಸಿರು ಸೀರೆ, ಮುಖಕ್ಕೆ ಪೌಡರು, ಪೌಡರಿನ ಕೆಳಗೆ ಬಿಳಿಚಿದ ಬಣ್ಣ.

"ಆತ್ಯಾ, ಒಂದ ಮಾತ ನಡೆಸಿ ಕೊಡಬೇಕ ನೀ."

"ಹೇಳು ನನ್ನವ್ವ."

"ಇವತ್ತ ಒಂದ ದಿನ ಬ್ಯಾಡ ಅನ್ನಬ್ಯಾಡ. ಕೆಟ್ಟೈತಿ, ಹಂಗ ಆಗತೈತಿ, ಹಿಂಗ ಆಗತೈತಿ... ಇಂಥಾ ಯಾವ ಮಾತೂ ನಿನ್ನ ಬಾಯಾಗ ಬರಬಾರದು."

"ಅಂದ್ರ ನೀನೂ ನಂಬತೀ ಏನ ನನ್ನ ನಾಲಿಗಿ ಕಪ್ಪಂತ?"

ತಲೆ ತಗ್ಗಿಸಿದಳು. "ನಂಬೂದಿಲ್ಲ ಆತ್ಯಾ. ಆದ್ರ ಅಂಜಿಕಿ ಆಗತದ. ಎರಡ ಸಲ ಆಗೇದ."

ಸಿಟ್ಟು ನೆತ್ತಿಗೇರಿತು. ನಾನು ಸಾಕಿದ ಹುಡುಗಿ, ನಾನೇ ಓದಿಸಿದ ಹುಡುಗಿ! ಆದರೆ ಅವಳು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಇದರ ಮ್ಯಾಲ ಆಣಿ ಮಾಡು." ಅಷ್ಟರಲ್ಲಿ ಒಳಗಿನಿಂದ ನನ್ನ ಅಂಗೈಗೆ ಒಂದು ಒದೆ ಬಿತ್ತು. ಅಯ್ಯ ನನ್ನವ್ವ, ಏನು ಒದೆ ಅದು! ನನ್ನ ಸಿಟ್ಟೆಲ್ಲ ಬೆಣ್ಣೆಯಾಗಿ ಕರಗಿತು. ಆಣೆ ಮಾಡಿದೆ. ದೇವರು ದಿಂಡರ ಮುಂದೆ ಎಂದೂ ಆಣೆ ಮಾಡದವಳು, ಆ ಹೊಟ್ಟೆಯ ಮುಂದೆ ಮಾಡಿದೆ.

ಸ್ವಲ್ಪ ಹೊತ್ತಿಗೆ ಅವಳು ಬಚ್ಚಲಿಗೆ ಹೋದಳು. ನಳ ಬಿಟ್ಟ ಸದ್ದು, ಅದರ ಹಿಂದೆ ವಾಂತಿಯ ಸದ್ದು. ಏಳು ತಿಂಗಳಿಗೆ ವಾಂತಿ ಯಾಕೆ? ಹೊರಗೆ ಬಂದವಳನ್ನು ಕೇಳಲು ಬಾಯಿ ತೆರೆದೆ. ತುಟಿಯ ಮೇಲೆ ಬೆರಳಿಟ್ಟು ನಕ್ಕಳು.

"ಏನಿಲ್ಲ, ಗಡಿಬಿಡಿಗೆ ಹೊಟ್ಟಿ ತೊಳಿಸೇದ ಅಷ್ಟ. ಅತ್ತಿಯವರಿಗೆ ಹೇಳಬ್ಯಾಡ, ಕಾರ್ಯ ನಿಲ್ಲಸ್ತಾರ."

ನಾನು ಬಾಯಿ ಮುಚ್ಚಿದೆ. ಮಾತು ಬಾಯೊಳಗಿನ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆ ಹೆಂಗಸರಿಂದ ತುಂಬಿತು. ಹೊರಗೆ ಮೋಡ ಕವಿದು ಗಾಳಿ ಪೂರಾ ನಿಂತುಹೋಗಿ, ಮಂಟಪದ ಬಾಳೆಯ ಎಲೆ ಸಹ ಅಲುಗುತ್ತಿರಲಿಲ್ಲ. ಅಡುಗೆಮನೆಯಿಂದ ಪ್ರಮಿಳಾಬಾಯಿ ನನ್ನನ್ನು ಕೂಗಿದರು.

"ಬರ್ರಿ ಕುಮುದಕ್ಕಾರ, ನೋಡ ಬರ್ರಿ! ಮೊಬೈಲ್‌ದಾಗ ನೋಡಿ ಮಾಡೇನಿ. ಮಾಕ್‌ಟೇಲ್ ಅಂತಾರಂತ ಇದಕ್ಕ."

ನಮ್ಮ ಕಾಲದಲ್ಲಿ ಪಾನಕ ಅನ್ನುತ್ತಿದ್ದರು, ಈಗ ಅದಕ್ಕೆ ಪ್ಯಾಂಟು ತೊಡಿಸಿ ಮಾಕ್‌ಟೇಲ್ ಅನ್ನುತ್ತಾರೆ. ಆದರೂ ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಗಾಜಿನ ಲೋಟಗಳ ಬಾಯಿಗೆ ನಿಂಬೆಹಣ್ಣು ಸವರಿ, ಬ್ಯಾಡಗಿ ಖಾರಪುಡಿ ಮತ್ತು ಉಪ್ಪಿನಲ್ಲಿ ಅದ್ದಿ, ಕೆಂಪು ಅಂಚು ಕಟ್ಟಿದ್ದರು. ಪಕ್ಕದಲ್ಲಿ ಪುದೀನ, ಹೆಚ್ಚಿದ ಮಾವಿನಕಾಯಿ, ಐಸಿನ ಚೂರು. ನಡುವೆ ಗುಂಜಿಯ ಪಾತೇಲಿ. ಅದರ ತುಂಬ ಕಡುಗೆಂಪು ಪಾನಕ, ಮೇಲೆ ತೇಲುವ ಸೀಳಿದ ಲವಂಗಿ ಮೆಣಸಿನಕಾಯಿ.

"ರಾತ್ರಿನ ಮುರುಗಲ ಹಿಚುಕಿ ನೆನಿ ಇಟ್ಟೀನ್ರಿ. ಮ್ಯಾಲ ಬೆಲ್ಲ, ಶುಂಠಿ, ಜೀರಿಗಿ, ಕರಿ ಉಪ್ಪು. ಇಡೀ ರಾತ್ರಿ ನೆನದೈತಿ, ಖಾರ ಎಲ್ಲಾ ಬಿಟ್ಟೈತಿ."

"ಯಾವುದರಾಗ ನೆನಿ ಇಟ್ರಿ?"

"ಇದರಾಗನ ಮತ್ತ! ನೋಡ್ರಿ ಹೆಂಗ ತಿಕ್ಕೇನಿ. ಹುಣಸಿಹಣ್ಣು, ಬೂದಿ ಹಾಕಿ ರಟ್ಟಿ ಬೀಳೂ ಹಂಗ ತಿಕ್ಕೇನಿ. ಹೊರಗೂ ಬಂಗಾರ, ಒಳಗೂ ಬಂಗಾರ!"

ಅವರು ಸೌಟಿನಿಂದ ಪಾನಕ ಸರಿಸಿ ಪಾತೇಲಿಯ ಒಳಮೈ ತೋರಿಸಿದರು. ಖರೇ, ಒಳಗೂ ಹಳದಿ ಹೊಳಪು! ಅಡುಗೆಗಿಡುವ ಹಿತ್ತಾಳೆಯ ಒಳಗು ಹಳದಿ ಇರಬಾರದು, ಬೆಳ್ಳಗಿರಬೇಕು. ತವರದ ಕಲಾಯಿಯ ಬಿಳುಪು. ನಾನು ಚಿಕ್ಕವಳಿದ್ದಾಗ ಕಲಾಯಿಯವನು ಓಣಿಗೆ ಬಂದು ಕುಲುಮೆ ಹೂಡಿ ಪಾತ್ರೆಗಳ ಒಳಗೆಲ್ಲ ಬೆಳ್ಳಗೆ ಬಳಿದು ಹೋಗುತ್ತಿದ್ದ. ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ನಮ್ಮವ್ವ ಬೆನ್ನಿಗೆ ಗುದ್ದುತ್ತಿದ್ದಳು, ಹುಳಿ ಬಿದ್ದರೆ ಕಿಲುಬು ಬಿಟ್ಟು ವಿಷವಾಗುತ್ತದೆ ಎಂದು. ಸಾವಂತ್ರವ್ವನ ಮನೆಯವರು ಬರೀ ನೀರು ಯಾಕೆ ತುಂಬಿಡುತ್ತಿದ್ದರೆಂದು ಈಗ ತಿಳಿಯಿತು. ಪಾನಕದ ಅಂಚು ಮುಟ್ಟಿದ ಕಡೆ ಸುತ್ತಲೂ ತೆಳ್ಳಗೆ ಹಸಿರು ಗೆರೆ ಎದ್ದಿತ್ತು.

ಪ್ರಮಿಳಾಬಾಯಿ ಆ ಕಡೆ ತಿರುಗಿದಾಗ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಮೊದಲು ಖಾರ ಸುಟ್ಟಿತು. ಖಾರ ಇಳಿದ ಮೇಲೆ ಹಳೆಯ ತಾಮ್ರದ ದುಡ್ಡು ನೆಕ್ಕಿದ ರುಚಿ. ಮೆಣಸಿನಕಾಯಿ ಅದನ್ನು ಮುಚ್ಚಿಟ್ಟಿತ್ತು.

"ಯವ್ವಾ, ರುಚಿ ನೋಡಿದ್ರ್ಯಾ?" ಪ್ರಮಿಳಾಬಾಯಿ ನೋಡಿಬಿಟ್ಟಿದ್ದರು. "ನಮ್ಮ ಮನ್ಯಾಗ ಬಸುರಿ ಬಾಯಿಗೆ ಹೋಗೂತನಾ ಯಾರೂ ಮುಟ್ಟೂದಿಲ್ರಿ! ನಾ ಮಾಡಿದಾಕಿನ ಒಂದ ಹನಿ ಬಾಯಿಗೆ ಹಾಕಿಲ್ಲ!"

"ವೈನಿ," ಎಂದೆ ಬೀಗತಿಗೆ. ಬೇಡ ಎಂಬ ಮಾತು ತುದಿನಾಲಿಗೆಗೆ ಬಂತು. ಅಂಗೈಯಲ್ಲಿ ಬೆಳಗಿನ ಒದೆ ಇನ್ನೂ ಬೆಚ್ಚಗಿತ್ತು. ಆಣೆ ಮುರಿದರೆ? ಎರಡು ಸಲ ಆಗಿದೆ. ಛೀ, ನಾನೂ ಅವರ ಹಾಗೆಯೇ ಆದೆನಲ್ಲ! "ವೈನಿ, ಇದಕ್ಕಿಂತ ನಿಂಬಿಹಣ್ಣಿನ ಶರಬತ್ತು ಚಲೋ. ಈಗ ಮಾಡೂಣು, ನಾ ಹಿಂಡತೀನಿ."

"ನೋಡ್ರಿ, ಮತ್ತ ಬ್ಯಾಡ ಅನ್ನಾಕ ಹಚ್ಚಿದ್ರಿಲ್ಲೋ? ಆಣಿ ನೆನಪೈತೇನ್ರಿ? ತನ್ಮಯಿ ಎಲ್ಲಾ ಹೇಳ್ಯಾಳ ನನಗ."

ಪ್ರಮಿಳಾಬಾಯಿ ಲೋಟ ತುಂಬಿ ತಟ್ಟೆಯಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಹಿಂದೆ ಇಬ್ಬರು ಪಾತೇಲಿಯನ್ನೇ ಎತ್ತಿಕೊಂಡು ನಡೆದರು. ಪಡಸಾಲೆಯಲ್ಲಿ ಹಾಡು ಎದ್ದಿತು. ಅಭಿಜಿತನನ್ನು ಹುಡುಕಿದೆ, ಹೆಂಗಸರ ಕಾರ್ಯವೆಂದು ಅವನು ಹೊರಗೆ ಕಾರಿನ ಹತ್ತಿರ ನಿಂತಿದ್ದ. ಮಂಟಪದಲ್ಲಿ ತನ್ಮಯಿ ಕೂತಿದ್ದಳು, ಹಣೆಯ ಮೇಲೆ ಬೆವರು, ಒಂದು ಕೈ ಹೊಟ್ಟೆಯ ಮೇಲೆ. ಆರತಿ ಆಯಿತು. ಪ್ರಮಿಳಾಬಾಯಿ ಲೋಟವನ್ನು ಅವಳ ಕೈಗೆ ಕೊಟ್ಟರು.

"ಕುಡಿಯವಾ, ನಿನ್ನ ಬಯಕಿ."

ಕೆಂಪು ಅಂಚು ಅವಳ ತುಟಿಗೆ ತಾಗುವುದರಲ್ಲಿತ್ತು. ನಾನು ಹೆಂಗಸರನ್ನು ದಾಟಿ ಹೋಗಿ ಲೋಟವನ್ನು ಕಸಿದುಕೊಂಡೆ. ಏನು ಮಾಡಬೇಕೆಂದು ತಿಳಿಯದೆ, ಬಾಯಿ ತೆರೆದರೆ ಮಾತು ಹೊರಬೀಳುತ್ತದೆಂಬ ಭಯಕ್ಕೆ, ಗಟಗಟ ಕುಡಿದುಬಿಟ್ಟೆ.

ಹಾಡು ನಿಂತಿತು.

"ಬಸುರಿ ಬಾಯಾಗಿಂದು ಕಸಗೊಂಡ್ಲಲ್ರೀ!" ಯಾರೋ ಕಿರುಚಿದರು. ಪ್ರಮಿಳಾಬಾಯಿಯ ಮುಖ ಸುಣ್ಣವಾಯಿತು. ಅವರು ನನ್ನ ಕಡೆ ನೋಡಲೂ ಇಲ್ಲ. ಇನ್ನೊಂದು ಲೋಟ ತುಂಬಿ, "ತಗೊ ತನ್ಮಯಿ, ನೀ ಕುಡಿ, ಜಲ್ದಿ ಕುಡಿ" ಎಂದರು.

"ಬ್ಯಾಡ!" ಎಂದೆ.

ಅಂದುಬಿಟ್ಟೆ. ಅಂದ ಮೇಲೆ ಇನ್ನೇನು ಉಳಿಯಿತು? ಪಾತೇಲಿಗೆ ಕೈ ಹಚ್ಚಿ ಮಗುಚಿದೆ. ಪಾನಕ ರಂಗೋಲಿಯ ಮೇಲೆಲ್ಲ ಹರಿದು, ಪಾತೇಲಿ ಉರುಳಿ ಬಾಯಿ ತೋರಿಸಿಕೊಂಡು ನಿಂತಿತು. "ಕಲಾಯಿ ಎಲ್ಲೈತ್ರಿ ಇದಕ್ಕ? ಎಲ್ಲೈತಿ? ರಾತ್ರಿಯೆಲ್ಲಾ ಹುಳಿ ಇಟ್ಟೀರಿ, ಕಿಲುಬು ನೋಡ್ರಿ! ವಿಷ ಐತಿ ಇದು, ವಿಷ!"

ಮುದುಕಿಯೊಬ್ಬಳು ಬಗ್ಗಿ ನೋಡಿ, "ಖರೇ ಐತ್ರೆವಾ, ಹಸರಾಗೇತಿ" ಎಂದಳು. ಪ್ರಮಿಳಾಬಾಯಿ ಕೈಯಲ್ಲಿದ್ದ ಲೋಟವನ್ನು ನೋಡುತ್ತ ನಿಂತರು. ನನಗೆ ಒಂದು ಕ್ಷಣ ಗೆದ್ದೆ ಅನ್ನಿಸಿತು. ಕೆಟ್ಟ ಬಾಯಿಯವಳೇ ಕಾಪಾಡಿದಳು ನೋಡ್ರಿ ಎಂದು ಹೇಳಬೇಕೆಂದು ತಿರುಗಿದೆ.

ತನ್ಮಯಿ ನನ್ನ ಸೆರಗು ಹಿಡಿದಿದ್ದಳು.

"ಆತ್ಯಾ," ಎಂದಳು ಮೆಲ್ಲಗೆ, "ನಸುಕಿನ್ಯಾಗ ಬಾಯಾರಿತ್ತು. ತಡಕೊಳ್ಳಾಕ ಆಗಲಿಲ್ಲ. ಇದರಾಗಿಂದ ಎರಡ ಲೋಟ ಕುಡದೀನಿ."

ದವಾಖಾನೆಗೆ ಹೊರಟ ಕಾರಿನಲ್ಲಿ ಪ್ರಮಿಳಾಬಾಯಿ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಅಭಿಜಿತ ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ತನ್ಮಯಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಮುದುಡಿದ್ದಳು, ಹೊಟ್ಟೆ ಹಿಂಡುತ್ತಿದೆ ಎಂದು ನರಳುತ್ತಿದ್ದಳು. ನನ್ನ ಹೊಟ್ಟೆಯೂ ತಿರುಚಿಕೊಳ್ಳತೊಡಗಿತ್ತು. ಆ ವಾಂತಿ ಕೇಳಿದಾಗಲೇ ಬಾಯಿ ಬಿಟ್ಟಿದ್ದರೆ! ಜನ್ಮವಿಡೀ ಬೇಡದ್ದನ್ನೆಲ್ಲ ಒದರಿದ ಬಾಯಿ, ಬೇಕಾದಾಗ ಮುಚ್ಚಿಕೊಂಡು ಕೂತಿತ್ತು. ನನ್ನ ಬಾಯಿಗೆ ಬೆಂಕಿ ಬೀಳಲಿ. ಮೊದಲ ಮಳೆಯ ದಪ್ಪ ಹನಿಗಳು ಗಾಜಿನ ಮೇಲೆ ಬಿದ್ದವು.

ಅವಳು ಬೆಳಿಗ್ಗೆಯ ಹಾಗೆಯೇ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಆತ್ಯಾ, ನೀ ಅಂದದ್ದು ಆಗತದ ಅಂತಾರಲ್ಲ ಎಲ್ಲಾರೂ. ಈಗ ಅನ್ನು. ಏನೂ ಆಗೂದಿಲ್ಲ ಅಂತ ಅನ್ನು."

ನಾನು ಎಂದೂ ಆ ಮಾತು ಆಡಿದವಳಲ್ಲ. ಹೇಗೆ ಆಡಬೇಕೆಂದೂ ಗೊತ್ತಿರಲಿಲ್ಲ. ನಾಲಿಗೆಯ ಮೇಲೆ ಇನ್ನೂ ತಾಮ್ರದ ರುಚಿ ಇತ್ತು.

"ಏನೂ ಆಗೂದಿಲ್ಲ" ಎಂದೆ.

ಅಂಗೈಯನ್ನು ಒತ್ತಿ ಹಿಡಿದು ಕಾದೆ. ಒಳಗೆ ಏನೂ ಅಲುಗಲಿಲ್ಲ. ತನ್ಮಯಿ ಕಣ್ಣು ತೆರೆದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ನಾನು ಇನ್ನೊಮ್ಮೆ ಹೇಳಿದೆ.